ಹದಿಮೂರನೇ ಡಬ್ಬ

ಪರದೆಯ ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಕಪ್ಪು ಚುಕ್ಕಿ ಬಂದು ಹೋಯಿತು. ಏಳೆಂಟು ಸೆಕೆಂಡಿಗೆ ಇನ್ನೊಂದು. ಚಾಮರಾಜನಗರದ ಆ ಸಮುದಾಯ ಭವನದಲ್ಲಿ ಕೂತಿದ್ದ ಇನ್ನೂರು ಜನರಲ್ಲಿ ಅದನ್ನು ಕಂಡವನು ಶಿವಮಲ್ಲು ಒಬ್ಬನೇ. ಆರನೇ ರೀಲು ಮುಗಿಯಿತು, ಏಳನೆಯದು ಶುರುವಾಯಿತು ಎಂದು ಅದರ ಅರ್ಥ. ಮೊದಲ ಚುಕ್ಕಿಗೆ ಎರಡನೇ ಪ್ರೊಜೆಕ್ಟರಿನ ಮೋಟಾರು ಹಾಕಬೇಕು, ಎರಡನೆಯದಕ್ಕೆ ಅದರ ಬೆಳಕು ಬಿಡಬೇಕು. ಹದಿನೆಂಟು ವರ್ಷ ಅದೇ ಕೆಲಸ ಮಾಡಿದ ಕೈ, ಈಗಲೂ ಕುರ್ಚಿಯ ಮೇಲೆ ತಾನಾಗಿ ಅಲುಗಿತು.

ಇನ್ನು ಆರು ರೀಲು. ಆಮೇಲೆ ಹದಿಮೂರನೆಯದು.

ಅವನ ಪಕ್ಕದಲ್ಲಿ ಬಿಳಿ ಪಂಚೆ ಉಟ್ಟು ನೆಟ್ಟಗೆ ಕೂತಿದ್ದವನು ಮರಿಯಪ್ಪ. ಪರದೆಯ ಮೇಲೆ ಖಾಕಿ ತೊಟ್ಟು ಚೆಕ್‌ಪೋಸ್ಟಿನ ಗೇಟಿಗೆ ಒರಗಿ ನಿಂತಿದ್ದವನೂ ಅವನೇ. ಅಲ್ಲಿ ಮೂವತ್ತು ವರ್ಷ, ಇಲ್ಲಿ ತಲೆ ತುಂಬ ನರೆ. ಇಬ್ಬರನ್ನೂ ಒಟ್ಟಿಗೆ ನೋಡಲು ಶಿವಮಲ್ಲುವಿಗೆ ಆಗುತ್ತಿರಲಿಲ್ಲ. ಹಾಗಾಗಿ ಮೂಲೆಯನ್ನೇ ನೋಡುತ್ತ ಕೂತಿದ್ದ.

ಶಿವಮಲ್ಲು ಗುಂಡ್ಲುಪೇಟೆಯವನು. ಓದಿದ್ದು ಏಳನೇ ಕ್ಲಾಸು. ಗೋಡೆಗೆ ಪೋಸ್ಟರ್ ಹಚ್ಚಲು ಮೈದಾಹಿಟ್ಟಿನ ಗೋಂದಿನ ಬಕೆಟ್ಟು ಹಿಡಿದು ಟಾಕೀಸಿಗೆ ಸೇರಿದವನು, ಹತ್ತು ವರ್ಷದಲ್ಲಿ ಮೇಲಿನ ರೂಮಿನ ಆಪರೇಟರ್ ಆದ. ಸಿಟ್ಟಿನ ಮನುಷ್ಯ. ಕರೆಂಟು ಹೋದಾಗ ಕೆಳಗಿನವರು ಶಿಳ್ಳೆ ಹಾಕಿದರೆ ಕಿಂಡಿಯಿಂದ ತಲೆ ಹಾಕಿ ಅವರ ಅಪ್ಪ ಅಮ್ಮನನ್ನೆಲ್ಲ ವಿಚಾರಿಸಿಕೊಳ್ಳುತ್ತಿದ್ದ. ಆದರೂ ಜನಕ್ಕೆ ಅವನೆಂದರೆ ಇಷ್ಟ. ಹಂಗಳದ ಕಡೆಯ ಬಸ್ಸು ತಪ್ಪಬಾರದು ಎಂದು ಸಂಜೆ ಆಟದಲ್ಲಿ ಒಂದು ಹಾಡೋ ಒಂದು ಹೊಡೆದಾಟವೋ ನುಂಗಿ, ಸರಿಯಾದ ಹೊತ್ತಿಗೆ ಸಿನಿಮಾ ಬಿಡುತ್ತಿದ್ದ. ಒಂದು ರೀಲು ಹಾರಿಸಿದ್ದಕ್ಕೆ ಅದುವರೆಗೆ ಯಾರೂ ಸತ್ತಿರಲಿಲ್ಲ. ಆ ಸಲಿಗೆಯೇ ಅವನನ್ನು ಕೆಡಿಸಿತು.

ಟಾಕೀಸು ಮುಚ್ಚಿತು. ಈಗ ಅವನು ಪುರಸಭೆಯ ವಾಟರ್‌ಮ್ಯಾನ್. ಯಾವ ಬೀದಿಗೆ ಯಾವಾಗ ನೀರು ಎಂಬುದು ಅವನ ಕೈಯ ವಾಲ್ವ್ ಕೀಲಿಯಲ್ಲಿದೆ.

ತಿಂಗಳ ಹಿಂದೆ ಆ ಹುಡುಗಿ ಹುಡುಕಿಕೊಂಡು ಬಂದಳು. ಕಾವ್ಯಶ್ರೀ ಎಂದು ಹೆಸರು, ಚಾಮರಾಜನಗರದ ಒಂದು ಕಚೇರಿಯಲ್ಲಿ ಗುಮಾಸ್ತೆ. ಮರಿಯಪ್ಪ ಗಾರ್ಡ್ ಕೆಂಪಣ್ಣನಾಗಿ ನಗಿಸುತ್ತಿದ್ದ 'ಗಡಿಗೇಟು' ಧಾರಾವಾಹಿ ಟಿವಿಯಲ್ಲಿ ಬರುವಾಗ ಅವಳಿಗೆ ಐದು ವರ್ಷವಂತೆ.

"ಅದರ ಮೇಲೆ ಮಾಡಿದ ಸಿನಿಮಾ ಇದೆಯಲ್ಲ ಅಂಕಲ್, 'ಗಾರ್ಡ್ ಕೆಂಪಣ್ಣ', ಅದು ಈಗ ಮೊಬೈಲಲ್ಲಿ ಬಂದಿದೆ. ಹಳೇ ಪ್ರಿಂಟಿಂದ ತೆಗೆದದ್ದು. ನಾವು ನೋಡಿ ಬೆರಗಾಗಿಹೋದೊ. ಅಂಥ ಸಿನಿಮಾಕ್ಕೆ ಆಗ ಯಾಕೆ ಹಂಗೆ ಉಗಿದ್ರು?"

ಶಿವಮಲ್ಲು ವಾಲ್ವ್ ತಿರುಗಿಸುತ್ತಿದ್ದವನು ತಲೆ ಎತ್ತಲಿಲ್ಲ. "ನಂಗೇನವ್ವ ಗೊತ್ತು. ನಾ ಬರೀ ಓಡುಸ್ತಿದ್ದೋನು."

"ಆಗಿನ ಜನಕ್ಕೆ ಅರ್ಥ ಆಗ್ಲಿಲ್ಲ ಅಂತ ನಮ್ಮ ಸಿನಿಮಾ ಬಳಗದೋರು ಅಂತಾರೆ. ನಗರದಲ್ಲಿ ದೊಡ್ಡ ಪರದೆ ಮೇಲೆ ತೋರಿಸ್ತಿದೀವಿ. ಮರಿಯಪ್ಪನೋರು ಬರ್ತಾರೆ. ಅವತ್ತು ಓಡಿಸಿದ ಆಪರೇಟರ್ ಅಂತ ನಿಮಗೂ ಒಂದು ಶಾಲು ಹಾಕ್ತೀವಿ, ಬನ್ನಿ."

ಬರುವುದಿಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಇಪ್ಪತ್ತಮೂರು ವರ್ಷ ಒಳಗೆ ಕೊಳೆಯುತ್ತಿದ್ದದ್ದು ಒಂದಿತ್ತು. ಅದೇ ಅವನನ್ನು ಎಳೆದುಕೊಂಡು ಬಂದು ಈ ಕುರ್ಚಿಯಲ್ಲಿ ಕೂರಿಸಿತ್ತು. ಇವತ್ತು ಹೇಳಿಬಿಡುತ್ತೇನೆ ಎಂದು ಬೆಳಿಗ್ಗೆ ಬಸ್ಸು ಹತ್ತುವಾಗ ಅಂದುಕೊಂಡಿದ್ದ. ತೆರಕಣಾಂಬಿ ದಾಟುವಷ್ಟರಲ್ಲಿ ಆ ಧೈರ್ಯ ಅರ್ಧ ಇಳಿದಿತ್ತು.

ಎಂಟನೇ ರೀಲಿಗೆ ಮಧ್ಯಂತರ. ಹೊರಗೆ ಬೇವಿನ ಮರದ ಕೆಳಗೆ ಟೀ ಕೊಟ್ಟರು. ಹುಡುಗರು ಮರಿಯಪ್ಪನ ಜೊತೆ ನಿಂತು ಫೋಟೊ ತೆಗೆಸಿಕೊಂಡರು. ಅವನು ನಗಲಿಲ್ಲ. ಹಂಗಳದ ಊರು ಬಿಟ್ಟು ಬಂದು ಪುಣಜನೂರಿನ ಹತ್ತಿರ ಅರಿಸಿನ ಬೆಳೆದುಕೊಂಡಿರುವ ಮನುಷ್ಯ. ಯಾರಾದರೂ ಸಿನಿಮಾ ಮಾತು ಎತ್ತಿದರೆ ಎದ್ದು ಹೋಗುವವನು. ಕಾವ್ಯಶ್ರೀ ಮೂರು ಸಲ ಅವನ ಹೊಲಕ್ಕೆ ಹೋಗಿ ಒಪ್ಪಿಸಿದ್ದಳು. ಮೊಬೈಲಲ್ಲಿ ನೋಡಿ ಎಂದರೆ ಬೇಡ ಎಂದಿದ್ದ. ಅವನು ಹಾಕಿದ ಷರತ್ತು ಒಂದೇ: ಸಿನಿಮಾ ಮಾಡಿದ ಚಿಕ್ಕಬಸವಯ್ಯ ಮೇಷ್ಟ್ರನ್ನು ಕರೆಯಕೂಡದು.

"ಮೇಷ್ಟ್ರು ಇಲ್ಲೇ ಎಲ್ಡ್ ಬೀದಿ ಆಚ ಅವ್ರಲ್ಲ. ಕರಿಬೋದಾಗಿತ್ತು," ಎಂದ ಶಿವಮಲ್ಲು, ಮಾತಿಗೆ ಮಾತು ಎಂಬಂತೆ.

ಮರಿಯಪ್ಪ ಟೀ ಲೋಟ ಕೆಳಗಿಟ್ಟ. "ಆ ಮನ್ಸ ನನ್ನ ಕಣ್ಮುಂದ ಬರಕೂಡ್ದು. ಇವತ್ತು ಸ್ಟೇಜ್ ಮ್ಯಾಲ ಅದ್ನೇ ಏಳ್ತೀನಿ. ಅದ್ಕೇ ಬಂದಿರದು ನಾನು, ಶಾಲಿಗಲ್ಲ."

"ಯಾನ ಮಾಡುದ್ರು ಅವ್ರು?"

"ಒಂದ್ ಸೀನಿತ್ತು ಕಣ. ನಾಕ್ ನಿಮ್ಸ. ಮಾತಿಲ್ಲ. ಮೂರ್ ದಿನ ಮಾಡುಸ್ದ. ಊಟ ಬುಟ್ಟು ಮಾಡ್ದಿ. ನನ್ನ ಜೀವಮಾನದ ಸೀನು ಅಂತಿದ್ದ ಅವ್ನೇ. ಗುಂಡ್ಲುಪೇಟಲಿ ಅವ್ವನ್ನ ಪಕ್ಕ ಕೂರುಸ್ಕಂಡು ನೋಡ್ತೀನಿ, ಸೀನೇ ಇಲ್ಲ. ಕಿತ್ತಾಕ್ಬುಟ್ಟಿದ್ದ. ಒಂದ್ ಮಾತು ಏಳ್ಲಿಲ್ಲ ನಂಗ. ಆ ಸೀನಿಲ್ದೆ ನಾನು ಲಂಚ ತಿಂದ ಕಳ್ಳ ಆಗೋದಿ. ಎರಡು ಸಲ ಪುಣಜನೂರಿಗ ಬಂದ. ಬಾಗ್ಲಲ್ಲೇ ನಿಲ್ಸಿ, ಮೊಖ ನೋಡ್ದೆ ಕಳುಸ್ದಿ."

ಮರಿಯಪ್ಪನಿಗೆ ಏಟು ಬಿದ್ದದ್ದು ತನ್ನಿಂದ ಎಂದು ಶಿವಮಲ್ಲುವಿಗೆ ಗೊತ್ತಿತ್ತು. ಮೇಷ್ಟ್ರ ವಿಷಯ ಗೊತ್ತಿರಲಿಲ್ಲ. ಒಂದು ಸಾಲ್ದು ಅಂತ ಎರಡು ಮನೆ ಮುರಿದಿದ್ದೆನಲ್ಲ ಎಂದುಕೊಂಡ.

ಆಗ ಹೇಳಬಹುದಿತ್ತು. ಬಾಯಿ ತೆರೆದ ಕೂಡ. ಅಷ್ಟರಲ್ಲಿ ಬೆಲ್ಲು ಹೊಡೆಯಿತು.

ಒಂಬತ್ತು. ಹತ್ತು. ಮೂಲೆಯಲ್ಲಿ ಚುಕ್ಕಿಗಳು ಬರುತ್ತಿದ್ದವು.

ಅವತ್ತಿನ ಕಥೆ ಇಷ್ಟು. ಎರಡು ಊರಿಗೆ ಸೇರಿ ಇದ್ದದ್ದು ಒಂದೇ ಪ್ರಿಂಟು. ಚಾಮರಾಜನಗರದಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಆಟ, ಗುಂಡ್ಲುಪೇಟೆಯಲ್ಲಿ ಮಧ್ಯಾಹ್ನ ಒಂದೂವರೆಗೆ. ಅಲ್ಲಿ ಓಡಿ ಮುಗಿದ ರೀಲುಗಳನ್ನು ಮಾದೇಶ ಎಂಬುವನು ಬೈಕಿಗೆ ಕಟ್ಟಿಕೊಂಡು ಇಲ್ಲಿಗೆ ತರಬೇಕು. ಮೊದಲ ಸಲ ಎಂಟು ಡಬ್ಬ ತಂದ. ಎರಡನೇ ಸಲ ಏಳು ತರಬೇಕಾದವನು ಬೆವರು ಸುರಿಸಿಕೊಂಡು ಬಂದು ಗೋಣಿಚೀಲ ಇಳಿಸಿ ಹೋಗಿ ಬೀಡಿ ಹಚ್ಚಿದ. ಹನ್ನೊಂದನೆಯದು ಓಡುವಾಗ ಶಿವಮಲ್ಲು ಚೀಲಕ್ಕೆ ಕೈ ಹಾಕಿದರೆ ಹನ್ನೆರಡಿತ್ತು, ಹದಿನಾಲ್ಕಿತ್ತು, ಹದಿನೈದಿತ್ತು.

"ಹದಿಮೂರೆಲ್ಲಲಾ?"

"ತೆರಕಣಾಂಬಿ ತಾವು ಹಗ್ಗ ಕಿತ್ತೋಗಿ ಡಬ್ಬ ಎಲ್ಲ ಉಳ್ಳೋದೊ. ಎಲ್ಲಾನೂ ಆಯ್ಕಂಡೆ ಅನ್ಕಂಡಿದ್ದಿ ಕಣಣ್ಣ."

"ಓಗ್ಲಾ ಅಂತಂದ್ರ ಓಗು, ನಿಂತ್ಕಂಡು ಬೀಡಿ ಸೇದ್ತಾವ್ನೆ."

ಮಾದೇಶ ಬೈಕು ಒದ್ದುಕೊಂಡು ಹೋದ. ಹನ್ನೆರಡನೇ ರೀಲು ಮುಗಿಯುವಾಗ ಪರದೆಯ ಮೇಲೆ ಗಂಧದ ಕಳ್ಳಸಾಗಣೆಯ ಲಾರಿ ಗೇಟಿನ ಮುಂದೆ ನಿಂತಿತ್ತು. ಡ್ರೈವರ್ ನೋಟಿನ ಕಂತೆ ಹಿಡಿದು ನಗುತ್ತಿದ್ದ. ಎಂದೂ ಎಂಜಲು ಕಾಸು ಮುಟ್ಟದ ಗಾರ್ಡ್ ಕೆಂಪಣ್ಣ ಸುಮ್ಮನೆ ನಿಂತಿದ್ದ. ಕೆಳಗೆ ಉಸಿರು ಬಿಡುವ ಸದ್ದೂ ಇಲ್ಲ. ನಿಲ್ಲಿಸಿದ್ದರೆ ಹತ್ತು ನಿಮಿಷ ಕತ್ತಲೆ, ಅಷ್ಟೇ. ಆದರೆ ಹಿಂದಿನ ತಿಂಗಳು ಹೀಗೇ ನಿಲ್ಲಿಸಿದಾಗ ಜನ ಕುರ್ಚಿ ಮುರಿದಿದ್ದರು, ಓನರು ಎಲ್ಲರ ಮುಂದೆ ಶಿವಮಲ್ಲುವಿನ ಕೆನ್ನೆಗೆ ಬಿಟ್ಟಿದ್ದ. ಇನ್ನೊಂದು ಸಲ ಆ ಏಟು ತಿನ್ನಲು ಅವನು ತಯಾರಿರಲಿಲ್ಲ. ಒಂದು ರೀಲು ತಾನೆ, ಸಾಯಲಿ ಎಂದು ಹದಿನಾಲ್ಕನ್ನು ಏರಿಸಿದ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ?

ಹದಿನಾಲ್ಕು ಶುರುವಾದದ್ದೇ ಪೊಲೀಸರು ಕೆಂಪಣ್ಣನಿಗೆ ಬೇಡಿ ಹಾಕುವುದರಿಂದ. ನೋಡಿದವರಿಗೆ ಉಳಿದದ್ದು ಒಂದೇ ಅರ್ಥ: ಲಂಚ ತಿಂದ. ಹಂಗಳದಿಂದ ಬಸ್ಸು ತುಂಬ ಬಂದಿದ್ದ ಮರಿಯಪ್ಪನ ಊರಿನವರೇ ಮೊದಲು ಎದ್ದರು. ನಮ್ಮ ಕೆಂಪಣ್ಣನಿಗೆ ಮಸಿ ಬಳಿದರು ಎಂದು ಪರದೆ ಹರಿದರು. ಮರಿಯಪ್ಪ ಬಾಲ್ಕನಿಯಿಂದ ಇಳಿದು ಬರುವಾಗ ಅಂಗಿ ಹಿಡಿದೆಳೆದು ಚಪ್ಪಲಿಯಲ್ಲಿ ಹೊಡೆದರು. ಅವನ ತಾಯಿ ಪುಟ್ಟಮಾದಮ್ಮ ಬಾಗಿಲಲ್ಲಿ ನಿಂತು, ನನ್ನ ಮಗ ಅಂಥವನಲ್ಲ ಕಣ್ರಪ್ಪ ಎಂದು ಕೈ ಮುಗಿಯುತ್ತಿದ್ದಳು. ಅದನ್ನು ಶಿವಮಲ್ಲು ಮೇಲಿನ ಕಿಂಡಿಯಿಂದ ನೋಡಿದ. ಆ ಹೊತ್ತಿಗೇ ಮಾದೇಶ ಮೆಟ್ಟಿಲು ಹತ್ತಿ ಬಂದು ಹದಿಮೂರನೇ ಡಬ್ಬವನ್ನು ಅವನ ಕೈಗೆ ಕೊಟ್ಟ. ತೆರಕಣಾಂಬಿಯ ರಸ್ತೆ ಬದಿಯ ಕೆರೆಯ ಕೆಸರು ಮೆತ್ತಿತ್ತು.

"ಎಲ್ಲ ರೀಲೂ ಹಾಕಿದ್ಯೇನೊ?" ಎಂದು ಓನರು ಕೇಳಿದ. "ಹಾಕಿದಿನಿ," ಎಂದ. ಸಂಜೆಗೆ ಪೋಸ್ಟರು ಕಿತ್ತರು. ಕೆಸರು ಒರೆಸಿದ ಡಬ್ಬ ಮಿಕ್ಕವುಗಳ ಜೊತೆ ವಾಪಸು ಹೋಯಿತು. ಬೇರೆ ಊರುಗಳಲ್ಲಿ ಪೂರ್ತಿ ನೋಡಿದವರಿಗೂ ಸಿನಿಮಾ ಹಿಡಿಸಲಿಲ್ಲ, ಅದು ನಿಜ. ಧಾರಾವಾಹಿಯಲ್ಲಿ ಕಿಲಕಿಲ ನಗಿಸುತ್ತಿದ್ದವನು ಇಲ್ಲಿ ಒಂದು ಸಲವೂ ನಗುವುದಿಲ್ಲ ಎಂದು ಬೈದರು. ಆದರೆ ಕಳ್ಳ ಎಂದು ಬೈದದ್ದು, ಹೊಡೆದದ್ದು ಗುಂಡ್ಲುಪೇಟೆಯಲ್ಲಿ ಮಾತ್ರ. ಮಾದೇಶ ಶುಂಠಿ ಹೊಲದ ಕೆಲಸಕ್ಕೆ ಎಂದು ವಯನಾಡಿಗೆ ಹೋದವನು ಅಲ್ಲೇ ನಿಂತುಬಿಟ್ಟ. ಗುಟ್ಟು ಉಳಿದದ್ದು ಒಬ್ಬನ ಹೊಟ್ಟೆಯಲ್ಲಿ.

ಹನ್ನೊಂದರ ಚುಕ್ಕಿ ಹೋಯಿತು. ಇನ್ನು ಹತ್ತು ನಿಮಿಷ.

"ಮರಿಯಪ್ಪಣ್ಣ," ಎಂದ ಶಿವಮಲ್ಲು. "ಒಂಚೂರು ಆಚಗ ಬಾ. ಒಂದ್ ಮಾತಿತ್ತು."

"ಕೂತ್ಕಲ್ಲಾ. ನಾ ಕಳ್ಳ ಆಗದ್ನ ಪೂರ್ತಿ ನೋಡ್ಬುಟ್ಟೇ ಓಯ್ತೀನಿ."

"ಆ ಮಾತ ಈಗ್ಲೇ ಏಳ್ಬೇಕು."

"ಶ್," ಎಂದರು ಹಿಂದಿನಿಂದ ಯಾರೋ.

ಲಾರಿ ಬಂದು ಗೇಟಿನ ಮುಂದೆ ನಿಂತಿತು. ಡ್ರೈವರ್ ನಕ್ಕು ಕಂತೆ ಚಾಚಿದ. ಮರಿಯಪ್ಪನ ಕೈ ಪಂಚೆಯ ಅಂಚನ್ನು ಹಿಂಡುತ್ತಿತ್ತು. ಮೂಲೆಯಲ್ಲಿ ಚುಕ್ಕಿ. ಶಿವಮಲ್ಲು ಕಣ್ಣು ಮುಚ್ಚಿದ. ಒಂದು, ಎರಡು, ಮೂರು... ಏಳು. ತೆರೆದ.

ಬೇಡಿ ಬರಲಿಲ್ಲ. ಗೇಟಿನ ಪಕ್ಕದ ಕತ್ತಲೆಯಿಂದ ಒಬ್ಬ ಹೆಂಗಸು ಹಾವು ಕಚ್ಚಿದ ಮಗುವನ್ನು ಎತ್ತಿಕೊಂಡು ಓಡಿ ಬಂದಳು. ಆ ದಾರಿಯಲ್ಲಿ ಇನ್ನೊಂದು ಗಾಡಿ ಇಲ್ಲ. ಡ್ರೈವರ್ ಮಗುವನ್ನು ನೋಡಿದ, ಗೇಟನ್ನು ನೋಡಿದ, ಕೆಂಪಣ್ಣನನ್ನು ನೋಡಿದ. ಕೆಂಪಣ್ಣ ಕಂತೆಯನ್ನು ಅವನ ಜೇಬಿಗೇ ತುರುಕಿ, ತಾಯಿಯನ್ನು ಲಾರಿ ಹತ್ತಿಸಿ, ತಲೆಯ ಟೋಪಿ ತೆಗೆದು, ಗೇಟು ಎತ್ತಿದ. ಲಾರಿ ಹೋಯಿತು. ಅವನು ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು, ಎತ್ತಿದ ಗೇಟಿನ ಕೆಳಗೆ ಕೂತ. ಬೆಳಗಾಗುವ ತನಕ ಕೂತ. ಒಂದು ಮಾತಿಲ್ಲ.

ಭವನದಲ್ಲಿ ಯಾರೋ ಅಳು ತಡೆದು ಮೂಗೆಳೆದುಕೊಂಡರು. ಮರಿಯಪ್ಪ ಬಿಟ್ಟ ಕಣ್ಣು ಬಿಟ್ಟಂತೆ ಕೂತಿದ್ದ.

"ಕಿತ್ತಾಕಿಲ್ಲ," ಎಂದ, ತನಗೆ ತಾನೇ. "ಮೇಷ್ಟ್ರು ಕಿತ್ತೇ ಇಲ್ವಲ್ಲ." ಆಮೇಲೆ ಮೆಲ್ಲಗೆ ತಿರುಗಿದ. "ಮಲ್ಲು, ಅವತ್ತು ಮ್ಯಾಲ ಇದ್ದೋನು ನೀನಲ್ವಾ?"

"ನಾನೇ."

"ಎಲ್ಲೋಗಿತ್ತು ಇದು?"

ಶಿವಮಲ್ಲು ಹೇಳಿದ. ಹಗ್ಗ ಕಿತ್ತದ್ದು, ಹತ್ತು ನಿಮಿಷ, ಕೆನ್ನೆಯ ಏಟಿನ ಹೆದರಿಕೆ, ಓನರಿಗೆ ಹೇಳಿದ ಸುಳ್ಳು. ಹಿಂದಿನವರು ಈಗ ಶ್ ಅನ್ನಲಿಲ್ಲ. ಕೇಳುತ್ತಿದ್ದರು. ಮರಿಯಪ್ಪನ ಕೈ ಬಂದು ಅವನ ಅಂಗಿಯ ಕಾಲರ್ ಹಿಡಿಯಿತು. ಶಿವಮಲ್ಲು ಬಿಡಿಸಿಕೊಳ್ಳಲಿಲ್ಲ. ಯಾರ ಏಟನ್ನೂ ಸುಮ್ಮನೆ ತಿಂದು ಗೊತ್ತಿಲ್ಲದ ಮನುಷ್ಯ, ಕತ್ತು ಕೊಟ್ಟು ಕೂತ.

"ನಮ್ಮವ್ವ ಸಾಯಗಂಟ ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಲ್ಲಿ ಇಳೀಲಿಲ್ಲ ಕಣ್ಲಾ," ಎಂದ ಮರಿಯಪ್ಪ. "ಗೊತ್ತಾ ನಿಂಗ?"

"ಗೊತ್ತಿರ್ನಿಲ್ಲ."

ಕಾಲರ್ ಬಿಟ್ಟ. ಸಿನಿಮಾ ಮುಗಿಯುವ ತನಕ ಕಾಯಲಿಲ್ಲ. ಎದ್ದ. "ನಡಿ. ಮೇಷ್ಟ್ರ ತಾವಕ್ಕೆ. ನೀನೇ ಏಳ್ಬೇಕು. ನಾನೇಳುದ್ರ ನಂಬ್ತಾರಾ?"

ಬಾಗಿಲಲ್ಲಿ ಕಾವ್ಯಶ್ರೀ ಎರಡು ಶಾಲು ಹಿಡಿದು ನಿಂತಿದ್ದಳು. "ಅಂಕಲ್, ಕಾರ್ಯಕ್ರಮ..."

"ಆಗಿನ ಜನಕ್ಕೆ ಅರ್ಥ ಆಗ್ಲಿಲ್ಲ ಅಂತ ಏಳ್ಬ್ಯಾಡಿ ಕಣವ್ವ," ಎಂದ ಶಿವಮಲ್ಲು. "ಅವ್ರಿಗೆ ನಾನು ತೋರುಸ್ಲೇ ಇಲ್ಲ. ಮೈಕಲ್ಲಿ ಅದ್ನೇ ಏಳು. ನನ್ನೆಸ್ರು ಹಾಕೇ ಏಳು."

ಇಬ್ಬರೂ ಎರಡು ಬೀದಿ ದಾಟಿದರು. ಹೆಂಚಿನ ಮನೆ. ಚಿಕ್ಕಬಸವಯ್ಯ ಮೇಷ್ಟ್ರು ಜಗಲಿಯ ಮೇಲೆ ಪೇಪರ್ ಓದುತ್ತಿದ್ದರು. ಎಂಬತ್ತರ ಹತ್ತಿರ. ಕನ್ನಡಕ ಮೇಲೆತ್ತಿ ಮರಿಯಪ್ಪನನ್ನು ನೋಡಿದರು. ಪೇಪರ್ ಮಡಿಸಲಿಲ್ಲ.

ಶಿವಮಲ್ಲು ಕೆಳಗೆ ನಿಂತೇ ಎಲ್ಲವನ್ನೂ ಹೇಳಿದ. ಮೇಷ್ಟ್ರು ಕೇಳಿದರು. ಅವನನ್ನು ಬೈಯಲೂ ಇಲ್ಲ. ಕಡೆಗೆ ಮರಿಯಪ್ಪನ ಕಡೆ ತಿರುಗಿದರು.

"ಈಗ ನೋಡಿದೆಯೇನೊ ಸೀನು?"

"ನೋಡ್ದಿ, ಮೇಷ್ಟ್ರೇ."

"ಹೆಂಗಿತ್ತು?"

ಮರಿಯಪ್ಪ ಹೆಗಲ ಮೇಲಿನ ಟವಲಿನಲ್ಲಿ ಮುಖ ಒರೆಸಿಕೊಂಡ. "ಒಂಚೂರು ಉದ್ದ ಆಯ್ತು."

"ಅವತ್ತೂ ಅದನ್ನೇ ಅಂದಿದ್ದೆ ನೀನು, ಮುಂಡೇದೆ," ಎಂದು ಮೇಷ್ಟ್ರು ಪೇಪರ್ ಬದಿಗಿಟ್ಟು, ಕಂಬ ಹಿಡಿದು ಎದ್ದರು. ಅವನ ತೋಳು ಹಿಡಿದುಕೊಂಡೇ ಒಳಗೆ ಹೋದರು.

ಶಿವಮಲ್ಲುವನ್ನು ಯಾರೂ ಒಳಗೆ ಕರೆಯಲಿಲ್ಲ. ಕರೆಯುವರೆಂದು ಅವನೂ ಅಂದುಕೊಂಡಿರಲಿಲ್ಲ. ಒಳಗಿನಿಂದ ಮಾತು ಕೇಳುತ್ತಿತ್ತು, ನಡುನಡುವೆ ನಿಲ್ಲುತ್ತಿತ್ತು. ನಾಲ್ಕಕ್ಕೆ ಕೆಳಗಿನ ಬೀದಿಗೆ ನೀರು ಬಿಡಬೇಕು. ಈಗ ಹೊರಟರೆ ಬಸ್ಸು ಸಿಗುತ್ತದೆ. ಅವನು ಫೋನು ತೆಗೆದು ಜೊತೆಯ ಕೆಲಸದ ಮಾದಪ್ಪನಿಗೆ ಹಚ್ಚಿದ.

"ಇವತ್ತು ವಾಲು ನೀನೇ ತಿರುಗ್ಸಪ್ಪ. ನಾ ಬರದು ಒತ್ತಾಯ್ತದ."

"ಯಾಕಣ್ಣ, ಸನ್ಮಾನ ಇನ್ನೂ ಮುಗೀಲಿಲ್ವಾ?"

"ಇಲ್ಲ ಕಣ," ಎಂದು ಶಿವಮಲ್ಲು ಚಪ್ಪಲಿ ಬಿಟ್ಟು ಜಗಲಿಯ ಕೆಳಗಿನ ಮೆಟ್ಟಿಲ ಮೇಲೆ ಕೂತ. ಮರಿಯಪ್ಪ ಹೊರಗೆ ಬರುವ ತನಕ ಅಲ್ಲಿಂದ ಏಳುವುದಿಲ್ಲ ಎಂದುಕೊಂಡ.