ಹೂದಾನಿಯ ಕೆಳಗಿನ ದೀಪ

ನಗರದ ಅಂಚಿನ ವೆರಿಬೀಯಿಂದ ಮೊದಲ ರೈಲು ಹಿಡಿದು ಬರುವ ತೇಜಸ್ವಿನಿ, ಬಾಯಿ ಮುಕ್ಕಳಿಸಿ, ಕಾಫಿಯನ್ನೂ ಕುಡಿಯದೆ ಕೆಲಸಕ್ಕೆ ಕೂರುತ್ತಾರೆ. ಮೆಲ್ಬರ್ನ್‌ನ ಹಳೆಯ ಗೋದಾಮೊಂದರ ಮಹಡಿ ಇದು. ಕಿಟಕಿಯಾಚೆ ಈಗಷ್ಟೇ ಬೆಳಕು ಹರಿಯುತ್ತಿದೆ. ಬಿದಿರುಕಡ್ಡಿಯ ತುದಿಗೆ ಚೂರು ಹತ್ತಿ ಇಟ್ಟು, ನಮ್ಮ ಅಜ್ಜಿಯರು ಬತ್ತಿ ಹೊಸೆಯುವಂತೆ ಬೆರಳಲ್ಲಿ ಹೊಸೆದು, ನಾಲಿಗೆಗೆ ತಾಗಿಸಿ ಒದ್ದೆ ಮಾಡುತ್ತಾರೆ. ಆಮೇಲೆ ಎದುರಿಗಿರುವ ಚಿತ್ರದ ಮೇಲೆ ಮೆಲ್ಲಗೆ ಉರುಳಿಸುತ್ತಾರೆ. ಹತ್ತಿ ಕಂದು ಬಣ್ಣಕ್ಕೆ ತಿರುಗುತ್ತದೆ. ಅದನ್ನು ಬಿಸಾಡಿ ಇನ್ನೊಂದು ಹೊಸೆಯುತ್ತಾರೆ.

ಹೌದು, ಎಂಜಲು. ಹಳೆಯ ತೈಲಚಿತ್ರಗಳ ಕೊಳೆ ತೆಗೆಯಲು ಅದರಷ್ಟು ಹದವಾದದ್ದು ಇನ್ನೊಂದಿಲ್ಲವಂತೆ. ದೇವರ ಪಟವನ್ನು ಮಡಿಬಟ್ಟೆಯಲ್ಲಿ ಒರೆಸುವ ಜನ ನಾವು. ನನ್ನ ಮುಖ ಕಿವುಚಿದ್ದನ್ನು ಕಂಡು ಆಕೆ ನಗುತ್ತಾರೆ. "ನಮ್ಮತ್ತೆಗೆ ಇವತ್ತಿಗೂ ಹೇಳಿಲ್ಲ ನೋಡ್ರಿ ಸರ್. ಆರ್ಟ್ ಆಫೀಸಲ್ಲಿ ಜಾಬ್ ಅಂತಷ್ಟೇ ಗೊತ್ತು. ಎಂಜ್ಲು ಹಚ್ಚಿ ಪೇಂಟಿಂಗ್ ಕ್ಲೀನ್ ಮಾಡ್ತೀನಿ ಅಂದ್ರೆ ಫೋನ್ ಇಟ್ಟೇ ಬಿಡ್ತಾರೆ."

ದಾವಣಗೆರೆಯಲ್ಲಿ ಚಿತ್ರಕಲೆ ಓದಿದವರು. ಡಾಕ್‌ಲ್ಯಾಂಡ್ಸ್‌ನ ಬ್ಯಾಂಕೊಂದರಲ್ಲಿ ದುಡಿಯುವ ಪತಿ ಇಂದ್ರೇಶ್ ಜೊತೆ ಇಲ್ಲಿಗೆ ಬಂದರು. ಇಲ್ಲೇ ನೆಲೆಸಲು ಬೇಕಾದ ಪಿಆರ್ ಸಿಗುವ ತನಕ ವೃದ್ಧಾಶ್ರಮದಲ್ಲಿ ಹಾಸಿಗೆ ಬದಲಿಸುವ ಶಿಫ್ಟ್ ಮಾಡಿದರು, ಸಂಜೆ ಈ ಕಸುಬು ಕಲಿತರು. ಕೊಳೆ ತೆಗೆಯುವುದು ಅರ್ಧ ಕೆಲಸ, ಬಣ್ಣ ಉದುರಿದಲ್ಲಿ ಹೊಸ ಬಣ್ಣ ತುಂಬುವುದು ಇನ್ನರ್ಧ. ಇಡೀ ದಿನ ಕೂತರೂ ಅಂಗೈಯಗಲದ ಜಾಗ ಮುಗಿದರೆ ಹೆಚ್ಚು. ಕತ್ತು ಹಿಡಿದುಕೊಳ್ಳುತ್ತದೆ, ದ್ರಾವಣಗಳ ವಾಸನೆಗೆ ತಲೆ ಸಿಡಿಯುತ್ತದೆ. ಕೆಲಸ ಚೆನ್ನಾಗಿದ್ದರೆ ಕೆಲಸವೇ ಕಾಣಬಾರದು. ಹೀಗಿರುವಾಗ ಹೆಸರು ಎಲ್ಲಿಂದ ಬರಬೇಕು? ಇಲ್ಲಿನ ನಮ್ಮ ಕನ್ನಡ ಸಂಘದವರು ಪ್ರತಿ ವರ್ಷ ಸನ್ಮಾನಕ್ಕೆ ಜನ ಹುಡುಕುತ್ತಾರೆ. ಶಾಲು ಹೊದ್ದವರಿಗೇ ಮತ್ತೆ ಶಾಲು ಹೊದಿಸುತ್ತಾರೆ.

ಈ ವರ್ಷ ಈಕೆಯ ಕೈಗೆ ಬಂದದ್ದು ಯೋಹಾನ್ ಕ್ರಾಫೆಲ್ ಎಂಬ ಜರ್ಮನ್ ಕಲಾವಿದನ ಚಿತ್ರ. ಹತ್ತೊಂಬತ್ತನೇ ಶತಮಾನದವನು, ಚಮ್ಮಾರನ ಮಗ. ರಾಜರನ್ನೂ ಯುದ್ಧಗಳನ್ನೂ ಬಿಟ್ಟು ಅಡುಗೆಮನೆ, ಶಾಲೆ, ಹೆಂಡದಂಗಡಿಗಳನ್ನೇ ಬರೆದ. ಕೊಳ್ಳುವವರಿಗೆ ಬೇಕಿದ್ದದ್ದು ನಗುವ ಮಕ್ಕಳು. ಅವನ ಮನೆಯಲ್ಲಿ ಕಾಯಿಲೆಗೆ ಮಕ್ಕಳು ಒಂದರ ಹಿಂದೊಂದು ಹೋಗುತ್ತಿದ್ದವು. ಆದರೂ ಬೇರೆಯವರ ಗೋಡೆಗೆ ನಗುವ ಮಕ್ಕಳನ್ನು ಬರೆದು ಮಾರಿ ಹೊಟ್ಟೆ ಹೊರೆದ, ಕೊನೆಗೆ ಬಡವನಾಗಿಯೇ ಸತ್ತ.

ಚಿತ್ರದಲ್ಲೊಂದು ಅಡುಗೆಮನೆ. ತೊಟ್ಟಿಲಲ್ಲಿ ಮಲಗಿದ ಕೂಸು, ಪಕ್ಕದಲ್ಲಿ ತಾಯಿ, ಕೂಸಿನ ತಲೆಯ ಬಳಿ ಹೂದಾನಿ. ಸಿಡ್ನಿಯ ಎಡಿತ್ ಎಂಬ ವೃದ್ಧೆಯ ಮನೆಯಲ್ಲಿ ತಲೆಮಾರುಗಳಿಂದ ಇದ್ದದ್ದು, ಒಲೆಯ ಹೊಗೆಗೆ ಮಸುಕಾಗಿ ಇಲ್ಲಿಗೆ ಬಂದಿತ್ತು. ತೇಜಸ್ವಿನಿಗೆ ಮೊದಲ ದಿನವೇ ಒಂದು ವಿಷಯ ಚುಚ್ಚಿತು. "ಅವ್ನ ಬೇರೆ ಪೇಂಟಿಂಗ್ಸ್‌ನಲ್ಲಿ ತಾಯಂದ್ರು ಸುಮ್ನೆ ಕೂತಿರಲ್ಲ ಸರ್. ಒಬ್ಳು ಆಲೂಗಡ್ಡೆ ಸುಲೀತಿರ್ತಾಳೆ, ಒಬ್ಳು ಕಾಲುಚೀಲ ಹೊಲೀತಿರ್ತಾಳೆ. ಇವಳ ಕೈ ಮಾತ್ರ ಖಾಲಿ."

ಹೂದಾನಿಯ ಬಣ್ಣ ಮೂಲ ಚಿತ್ರದ ಮೇಲೆ ಆಮೇಲೆ ಬಳಿದದ್ದು, ಹಕ್ಕಳೆ ಏಳುತ್ತಿತ್ತು. ತೆಗೆದುಬಿಡು ಅಂದರು ಕಾರ್ಯಾಗಾರದ ಒಡತಿ ಹೆಲೆನ್. ತೆಗೆದಾಗ ಕೆಳಗೆ ಕಂಡದ್ದು ಉರಿಯುವ ಒಂದು ಪುಟ್ಟ ದೀಪ. ಕ್ರಾಫೆಲ್‌ನ ಊರ ಕಡೆಯೂ ಶವದ ತಲೆಯ ಬಳಿ ದೀಪವಿಡುತ್ತಿದ್ದರು ಎಂದು ಹೆಲೆನ್ ಹೇಳಿದರು. ತೇಜಸ್ವಿನಿಗೆ ಹೇಳಬೇಕಾಗಿರಲಿಲ್ಲ. ಕೂಸು ನಿದ್ದೆ ಮಾಡುತ್ತಿರಲಿಲ್ಲ. ಸತ್ತ ಕೂಸಿನ ಚಿತ್ರವನ್ನು ಯಾರು ಕೊಳ್ಳುತ್ತಾರೆಂದು ದೀಪದ ಮೇಲೆ ಹೂ ಬರೆದಿದ್ದಾರೆ. ಬರೆದದ್ದು ಯಾವನೋ ವ್ಯಾಪಾರಿಯ ಆಳೋ, ಅಥವಾ ಹೊಟ್ಟೆಪಾಡಿಗೆ ಕ್ರಾಫೆಲನೇ ಬರೆದನೋ ಗೊತ್ತಿಲ್ಲ. ಅವನೇ ಬರೆದಿದ್ದರೆ ಆ ದಿನ ಅವನ ಕೈ ಹೇಗಿದ್ದೀತು ಎಂದು ನೆನೆದರೆ ನನಗೆ ಸಂಕಟವಾಗುತ್ತದೆ.

ಎಡಿತ್‌ಗೆ ವಿಡಿಯೊದಲ್ಲಿ ದೀಪ ತೋರಿಸಿದರು. ಮುದುಕಿ ಅತ್ತೇಬಿಟ್ಟರು. "ಚಿಕ್ಕವಳಿದ್ದಾಗ ದಿನಾ ಆ ಪಾಪುನ ನೋಡ್ಕೊಂಡೇ ನಿದ್ದೆ ಮಾಡ್ತಿದ್ದೆ, ಈಗ ಅದು ಸತ್ತಿತ್ತು ಅನ್ಬೇಡಿ ಅಂದ್ರು ಸರ್. ಹೂವು ವಾಪಸ್ ಬರ್ಕೊಡಿ ಅಂದ್ರು." ಹೆಲೆನ್ ವಾದ ಮಾಡಿ ನೋಡಿದರು, ಕೊನೆಗೆ ಒಪ್ಪಿದರು. ಚಿತ್ರ ಎಡಿತ್ ಅವರದು. ಬರೆಯಬೇಕಾದ ಕೈ ಮಾತ್ರ ತೇಜಸ್ವಿನಿಯದು.

ಇಲ್ಲಿ ಆಕೆ ಕೈಯಲ್ಲಿದ್ದ ಕಡ್ಡಿಯನ್ನು ಕೆಳಗಿಡುತ್ತಾರೆ. ನಾನು ಕೇಳುವುದಿಲ್ಲ, ತಾವಾಗಿಯೇ ಹೇಳುತ್ತಾರೆ.

"ನಂಗೂ ಒಂದು ಹೆಣ್ಕೂಸು ಆಗಿತ್ತು ಸರ್, ಇಲ್ಲೇ. ಹುಟ್ಟೋವಾಗ್ಲೇ ಜೀವ ಇರ್ಲಿಲ್ಲ. ನರ್ಸ್ ಬಂದು ಎತ್ಕೋತೀರಾ, ಫೋಟೊ ತೆಗೀಲಾ ಅಂತ ಕೇಳಿದ್ರು. ಊರಿಂದ ಅತ್ತೆ ಫೋನ್ ಮಾಡಿ ಮುಖ ನೋಡ್ಬೇಡ, ಮುಂದಿನದಕ್ಕೆ ಒಳ್ಳೇದಲ್ಲ ಅಂದ್ರು. ನಾನೂ ಹೂಂ ಅಂದೆ. ಇಂದ್ರೇಶ್ ಒಬ್ರೇ ಹೋಗಿ ಮಣ್ಣು ಮಾಡಿ ಬಂದ್ರು. ಮುಂದಿನದು ಆಗ್ಲೇ ಇಲ್ಲ. ಮುಖ ಹೆಂಗಿತ್ತು ಅಂತ ನಂಗೆ ಗೊತ್ತಿಲ್ಲ."

ದೊಡ್ಡವರು ತೀರಿಕೊಂಡರೆ ತಲೆದೆಸೆಗೆ ದೀಪ, ಹನ್ನೊಂದು, ಹದಿಮೂರು ಎಂದೆಲ್ಲ ಮಾಡುತ್ತೇವೆ. ಹಸುಗೂಸಿಗೆ ಏನೂ ಇಲ್ಲ. ಮಣ್ಣು ಮುಚ್ಚಿ ಬಂದು ಮಾತನ್ನೂ ಮುಚ್ಚಿಬಿಡುತ್ತೇವೆ. ತಾಯಿಯ ಒಳ್ಳೆಯದಕ್ಕೇ ಅನ್ನುತ್ತೇವೆ. ಯಾವ ತಾಯಿಯನ್ನು ಕೇಳಿದ್ದೇವೆ?

"ಆ ಜರ್ಮನಿಯವ್ನು ಸತ್ತ ಕೂಸಿನ ಮುಂದೆ ಕೂತು ಮುಖ ನೋಡಿದ್ದ, ಬರೆದಿದ್ದ. ಇಷ್ಟು ವರ್ಷ ಆದ್ಮೇಲೆ ದೀಪ ಆಚೆ ಬಂತು. ಈಗ ನಾನೇ ಮುಚ್ಬೇಕಲ್ಲಾ ಅಂತ ಕುಂಚ ಹಿಡಿಯೋಕ್ಕೇ ಆಗ್ಲಿಲ್ಲ ಸರ್. ಬೇರೆಯವರಿಗೆ ಕೊಡ್ತೀನಿ ಅಂದ್ರು ಹೆಲೆನ್. ಬೇಡ, ಬೇರೆಯವರು ಹೆಂಗೆ ಮುಚ್ತಾರೋ, ನಾನೇ ಮಾಡ್ತೀನಿ ಅಂದೆ."

ಈ ಕಸುಬಿಗೆ ಒಂದು ನೇಮವಿದೆ. ದುರಸ್ತಿಯವರು ಹಾಕುವ ಬಣ್ಣ ಎಂದೂ ಮೂಲ ಬಣ್ಣಕ್ಕೆ ತಾಗಬಾರದು. ನಡುವೆ ಕಣ್ಣಿಗೆ ಕಾಣದ ವಾರ್ನಿಷ್ ಪೊರೆ ಇರಬೇಕು, ಮುಂದೆ ಬರುವವರು ಬೇಕೆಂದಾಗ ಮೇಲಿನದನ್ನು ಒರೆಸಿ ತೆಗೆಯುವಂತಿರಬೇಕು. ತೇಜಸ್ವಿನಿ ದೀಪದ ಮೇಲೆ ಪೊರೆ ಕೊಟ್ಟು, ಅದು ಒಣಗಿದ ಮೇಲೆ ಮತ್ತೊಮ್ಮೆ ಕೊಟ್ಟರು. ಸುಲಭಕ್ಕೆ ಕರಗುವ ಬಣ್ಣ ಕಲೆಸಿ ಎಸಳು ಎಸಳಾಗಿ ಹೂ ಬರೆದರು.

ಚಿತ್ರವನ್ನು ತಲುಪಿಸಲು ಹೆಲೆನ್ ಜೊತೆ ಸಿಡ್ನಿಗೂ ಹೋಗಿ ಬಂದಿದ್ದಾರೆ. ಎಡಿತ್ ಕುರ್ಚಿ ಎಳೆದುಕೊಂಡು ಬಹಳ ಹೊತ್ತು ನೋಡಿದರಂತೆ. "ನಿದ್ದೆ ಮಾಡ್ತಿದೆ ಅಂತ ನನ್ನ ಕೈ ಹಿಡ್ಕೊಂಡ್ರು. ಹೂಂ, ಮಾಡ್ತಿದೆ ಅಂದೆ. ಆ ವಯಸ್ಸಲ್ಲಿ ಅವರಿಗೆ ಇನ್ನೇನು ಹೇಳ್ಲಿ ಸರ್?" ಆ ಸಂಜೆ ಅಲ್ಲಿನ ಭಾರತೀಯರ ಬಡಾವಣೆ ಹ್ಯಾರಿಸ್ ಪಾರ್ಕ್‌ನಲ್ಲಿ ಹೆಲೆನ್ ದೋಸೆ ತಿಂದರು, ಈಕೆಗೆ ಸೇರಲಿಲ್ಲ. ಅಂಗಡಿಯಲ್ಲಿ ಹೂಬತ್ತಿಯ ಪೊಟ್ಟಣವೊಂದನ್ನು ಕೊಂಡು ಮೆಲ್ಬರ್ನ್‌ಗೆ ಮರಳಿದರು. ಅದನ್ನು ಇನ್ನೂ ಒಡೆದಿಲ್ಲವಂತೆ.

ಕಿಟಕಿಯಲ್ಲಿ ಈಗ ಬಿಸಿಲು ಬಂದಿದೆ. ಎದುರಿಗಿರುವುದು ಬೇರೊಂದು ಚಿತ್ರ, ಯಾರದೋ ಮನೆಯ ಗೋಡೆಯಲ್ಲಿದ್ದ ಹಡಗು. ನಿಮಗೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಆಕೆ ಹತ್ತಿ ಹೊಸೆಯುತ್ತಲೇ ಹೇಳುತ್ತಾರೆ.

"ನಾನು ಹೋದ್ಮೇಲೆ ಯಾವತ್ತಾದ್ರೂ ಯಾರೋ ಒಬ್ರು ಹಿಂಗೇ ಕೂತು ಆ ಹೂವನ್ನ ಒರೆಸ್ಲಿ. ಒಂದೇ ಸಲಕ್ಕೆ ಬರುತ್ತೆ, ಹಂಗೆ ಹಾಕಿದೀನಿ. ನನ್ನ ಕೂಸಿಗೆ ದೀಪ ಹಚ್ಲಿಲ್ಲ. ಆ ಕೂಸಿನ ದೀಪ ಆರಿಸಿಲ್ಲ ಸರ್ ನಾನು."