ಕೈ ತೋಯಿಸದ ಐಸು

ಕೊಟ್ಟೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಕಂಪ್ಯೂಟರ್ ಕ್ಲಾಸು ತೆಗೆಯುತ್ತೇನೆ ಎಂದಾಗ ಹೂಂ ಅಂದವರು ನಮ್ಮ ಅತ್ತೆ ಒಬ್ಬರೇ. ಬಸ್‌ಸ್ಟ್ಯಾಂಡಿನ ಹತ್ತಿರ ಕೂಲ್‌ಡ್ರಿಂಕ್ಸ್ ಅಂಗಡಿ ಇಟ್ಟಿದ್ದ ನನ್ನ ಗಂಡ ಮುಖ ಸಿಂಡರಿಸಿದ್ದ. "ಓದಿದ ಹೆಣ್ಣುಮಗಳು ಅದಾಳ, ನಾಕು ಹುಡುಗ್ಯಾರಿಗೆ ಕಲಸ್ತಾಳ. ನಿನಗ್ಯಾಕ ಹೊಟ್ಟಿಯುರಿ?" ಎಂದು ಅತ್ತೆ ಮಗನನ್ನೇ ಗದರಿದರು. ಅಷ್ಟೇ ಅಲ್ಲ, ಮದುವೆಯಾಗಿ ಬಂದಾಗಿನಿಂದ ತಾವು ಪೂಜೆಗೆ ಕೂರುತ್ತಿದ್ದ ಪಡಸಾಲೆಯ ಮೂಲೆಯನ್ನು ನನಗೆ ಬಿಟ್ಟುಕೊಟ್ಟು, ಮಣೆ ಎತ್ತಿಕೊಂಡು ಅಡುಗೆಮನೆಗೆ ಹೋದರು.

ಅವರದು ಲಿಂಗಪೂಜೆ. ಕೊರಳಿನ ಇಷ್ಟಲಿಂಗವನ್ನು ಬಿಚ್ಚಿ ಎಡ ಅಂಗೈ ಮೇಲೆ ಇಟ್ಟುಕೊಂಡು, ವಿಭೂತಿ ಧರಿಸಿ, ಪತ್ರಿ ಏರಿಸಿ, ಅದನ್ನೇ ದಿಟ್ಟಿಸುತ್ತ ಕೂರುವುದು. ನೊಣ ಬಂದು ಕೂತರೂ ಆ ಕೈ ಅಲುಗುತ್ತಿರಲಿಲ್ಲ. ಪೂಜೆ ಮುಗಿಯುವವರೆಗೆ ಒಂದು ಗುಟುಕು ನೀರೂ ಇಳಿಯುತ್ತಿರಲಿಲ್ಲ. ನನ್ನ ಲಿಂಗವೋ, ಶಿವದಾರ ರವಿಕೆಯ ಹೊರಗೆ ಇಣುಕುತ್ತದೆಂಬ ನಾಚಿಕೆಗೆ ಅಲ್ಮಾರಿ ಸೇರಿತ್ತು. ಅತ್ತೆಗೆ ಅದು ಗೊತ್ತಿತ್ತು, ಒಂದು ದಿನವೂ ಕೇಳಿದವರಲ್ಲ.

ಹೊಸ ಶತಮಾನ ಆಗತಾನೇ ಶುರುವಾಗಿತ್ತು. ನಾನು ತಂದಿದ್ದು ಹಳೆಯ ಮೂರು ಕಂಪ್ಯೂಟರು. ನಮ್ಮ ಕಡೆಯ ಬೇಸಿಗೆಯ ಬಗ್ಗೆ ಹೇಳಬೇಕೇ! ಮಧ್ಯಾಹ್ನವಾದರೆ ಮೂರೂ ಕಾದು ಕೆಂಡವಾಗಿ ಹ್ಯಾಂಗ್ ಆಗುತ್ತಿದ್ದವು. ಪರದೇಶದಲ್ಲಿ ಕಂಪ್ಯೂಟರು ತಂಪಾಗಿಡಲು ಡ್ರೈ ಐಸ್ ಬಳಸುತ್ತಾರೆಂದು ಯಾವುದೋ ಪತ್ರಿಕೆಯಲ್ಲಿ ಓದಿದ್ದೆ. ಗಂಡನ ಅಂಗಡಿಗೆ ದಾವಣಗೆರೆಯಿಂದ ಬಸ್ಸಿನಲ್ಲಿ ಬರುವ ಐಸ್‌ಕ್ರೀಮ್ ಡಬ್ಬಿಯಲ್ಲಿ ಅದೇ ಇರುತ್ತಿತ್ತು, ಪೇಪರಿನಲ್ಲಿ ಸುತ್ತಿದ ಬಿಳಿ ಗಡ್ಡೆಗಳು. ಸರಿ, ಸಿಪಿಯು ಡಬ್ಬದ ಪಕ್ಕದ ತಗಡು ಬಿಚ್ಚಿ, ಎದುರಿಗೆ ಟೇಬಲ್ ಫ್ಯಾನು, ಫ್ಯಾನಿನ ಮುಂದೆ ಬೋಗುಣಿಯಲ್ಲಿ ಡ್ರೈ ಐಸ್ ಇಟ್ಟೆ. ಹ್ಯಾಂಗ್ ಆಗುವುದು ಕಡಿಮೆಯಾಯಿತು. ನನಗೆ ಕೋಡು ಮೂಡಿತು.

ಅತ್ತೆ ಬಾಗಿಲಲ್ಲಿ ನಿಂತು ಕೇಳಿದ್ದರು, "ಏನವ್ವ ಅದು, ನೀರಾಗಿ ನೆಲ ಎಲ್ಲಾ ತೊಯ್ಯಂಗಿಲ್ಲೇನು?"

"ಒಣ ಐಸ್ ಐತ್ರಿ ಅತ್ತಿ. ಕೈಯಾಗ ಹಿಡದ್ರೂ ಕೈ ತೊಯ್ಯಂಗಿಲ್ಲ," ಅಂದೆ.

ಕೈ ಸುಡುತ್ತದೆ ಅನ್ನಲಿಲ್ಲ. ಬಟ್ಟೆ ಇಲ್ಲದೆ ಮುಟ್ಟಬಾರದೆಂದು ಗಂಡನಿಗೆ ಹೇಳಿದ್ದೆ, ಕ್ಲಾಸಿಗೆ ಹೆಸರು ಬರೆಸಲು ಬಂದ ಹುಡುಗಿಯರಿಗೆ ಹೇಳಿದ್ದೆ. ಅತ್ತೆ ಕಂಪ್ಯೂಟರಿನ ಹತ್ತಿರ ಬರುವವರೇ ಅಲ್ಲವಲ್ಲ, ಅವರಿಗೇಕೆ ಎಂದುಕೊಂಡೆ. ಅರ್ಧ ಮಾತು ಹೇಳಿ ಅರ್ಧ ನುಂಗಿದ್ದಕ್ಕೆ ನನ್ನ ನಾಲಿಗೆಯನ್ನು ಇವತ್ತಿಗೂ ಶಪಿಸುತ್ತೇನೆ.

ಕ್ಲಾಸಿನ ಉದ್ಘಾಟನೆ ಜೋರಾಗಿ ಆಗಬೇಕೆಂದು ನನಗೆ ಹುಚ್ಚು. ಕೂಡ್ಲಿಗಿ, ಹರಪನಹಳ್ಳಿ ಕಡೆಯ ನೆಂಟರೂ ಬಂದಿದ್ದರು, ಓಣಿಯ ಹೆಣ್ಣುಮಕ್ಕಳೆಲ್ಲ ತಂದೆತಾಯಿಯ ಜೊತೆ ನೆರೆದಿದ್ದರು. ಕೆಟ್ಟುಹೋದ ಒಂದು ಸಿಪಿಯು ಡಬ್ಬದೊಳಗೆ ಬಿಸಿನೀರಿನ ಬೋಗುಣಿ ಇಟ್ಟು ಅದಕ್ಕೆ ಡ್ರೈ ಐಸ್ ಹಾಕಿದೆ. ಡಬ್ಬದ ತೂತುಗಳಿಂದ ಬೆಳ್ಳನೆಯ ಮಂಜು ಬುಸುಬುಸು ಉಕ್ಕಿ, ಮೇಜಿನಿಂದ ಇಳಿದು, ಕೂತವರ ಕಾಲಿಗೆಲ್ಲ ಸುತ್ತಿಕೊಂಡಿತು. "ಅಯ್ಯಯ್ಯೋ, ಸುಟ್ಟೀತು, ಬಂದ್ ಮಾಡ್ರೀ!" ಎಂದು ಮುದುಕರೊಬ್ಬರು ಎದ್ದು ನಿಂತರು. ಮಕ್ಕಳು ಚಪ್ಪಾಳೆ ಹೊಡೆದರು. ಅತ್ತೆ ಮಾತ್ರ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೈ ಮುಗಿದಿದ್ದರು.

ಆಮೇಲೆ ಮಂಡಕ್ಕಿ ಮಿರ್ಚಿ ಹಂಚಿದೆವು. ನಾನು ಬಾಗಿಲಲ್ಲಿ ನಿಂತು ಹೊಗಳಿಕೆ ಉಣ್ಣುತ್ತಿದ್ದೆ. ತಿರುಗಿ ನೋಡಿದರೆ ಅತ್ತೆ ತಮ್ಮ ಹಳೆಯ ಮೂಲೆಯಲ್ಲೇ ಕೂತಿದ್ದಾರೆ. ಬೆನ್ನು ನೆಟ್ಟಗೆ, ಎಡಗೈ ಮುಂದೆ, ಬರಿ ಅಂಗೈ ಮೇಲೆ, ನಾನು ಬೋಗುಣಿಗೆ ಹಾಕಿ ಉಳಿಸಿದ್ದ ಐಸಿನ ತುಂಡು. ಅದರಿಂದ ಸಣ್ಣಗೆ ಹೊಗೆ ಏಳುತ್ತಿದೆ. ಅದನ್ನೇ ದಿಟ್ಟಿಸುತ್ತಿದ್ದಾರೆ.

"ನೋಡ್ರಿ ನೋಡ್ರಿ, ನಮ್ಮ ಅತ್ತಿ ಐಸಿಗೂ ಪೂಜಿ ಹಚ್ಯಾರ!" ಅಂದೆ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ.

ನಾವು ನಗುತ್ತಿದ್ದಷ್ಟು ಹೊತ್ತು ಆ ಕೈ ಸುಡುತ್ತಿತ್ತು. ಅವರ ಹಣೆಯಲ್ಲಿ ಬೆವರು ಕಂಡಾಗಲೇ ನನಗೆ ಅದು ಹೊಳೆದಿದ್ದು. ಓಡಿಹೋಗಿ ಅವರ ಕೈ ಕೊಡವಿದೆ. ತುಂಡು ಸುಲಭಕ್ಕೆ ಬಿಡಲಿಲ್ಲ, ಚರ್ಮಕ್ಕೆ ಕಚ್ಚಿತ್ತು. ಅಂಗೈ ನಡುವೆ ಸುಣ್ಣ ಬಳಿದಂತೆ ಬೆಳ್ಳಗಾಗಿತ್ತು.

"ಯಾಕ್ರಿ ಅತ್ತಿ, ಚೆಲ್ಲಬಾರದೇನ್ರಿ!" ಎಂದು ಅಳುತ್ತ ಕೇಳಿದೆ.

"ಚುರುಚುರು ಅಂತಿತ್ತವ್ವ. ಆದ್ರ ಧೂಪದಂಗ ಹೊಗಿ ಬರ್ತಿತ್ತು. ಎಡಗೈಯಾಗ ಕುಂತದ್ದನ್ನ ಹೆಂಗ ಚೆಲ್ಲಲಿ?" ಅಂದರು.

ಬೊಬ್ಬೆ ಎದ್ದವು. ಡಾಕ್ಟರು ಪಟ್ಟಿ ಕಟ್ಟಿದರು. ಓಣಿಯವರು ಕೇಳಿದರೆ ಅತ್ತೆ, "ರೊಟ್ಟಿ ಹಂಚು ಮುಟ್ಟಿದೆ," ಎನ್ನುತ್ತಿದ್ದರು. "ಎಡಗೈಲೆ ಯಾರು ಹಂಚು ಹಿಡೀತಾರಬೇ?" ಎಂದು ಪಕ್ಕದ ಮನೆಯಾಕೆ ಬಿಡದೆ ಕೆದಕಿದಾಗಲೂ ಅದೇ ಮಾತು. ಒಳಗೆ ಬಂದು ನನಗೆ ಮೆಲ್ಲಗೆ, "ಕಂಪ್ಯೂಟ್ರು ಸುಡತೈತಿ ಅಂತ ಗೊತ್ತಾದ್ರ ಒಬ್ಬರೂ ಹುಡುಗ್ಯಾರನ್ನ ಕಳಸಂಗಿಲ್ಲ, ಸುಮ್ಕಿರು," ಅಂದರು. ಸುಳ್ಳು ಹೇಳುವವರ ಮನೆಯಲ್ಲಿ ನೀರು ಕುಡಿಯದ ಹೆಂಗಸು ನನ್ನ ಸಲುವಾಗಿ ಊರಿಗೆಲ್ಲ ಸುಳ್ಳು ಹೇಳುತ್ತಿದ್ದರು. ನನ್ನನ್ನು ಬೈದಿದ್ದರೇ ಎಷ್ಟೋ ವಾಸಿಯಿತ್ತು.

ಅದಕ್ಕಿಂತ ದೊಡ್ಡ ಸಂಕಟ ಮರುದಿನ ಬೆಳಿಗ್ಗೆ ಎದುರಾಯಿತು. ಪಟ್ಟಿಯ ಮೇಲೆ ಲಿಂಗ ಇಡುವಂತಿಲ್ಲ, ಪಟ್ಟಿ ಬಿಚ್ಚಿದರೆ ಹಸಿ ಗಾಯ. ಪೂಜೆ ಇಲ್ಲದೆ ಅತ್ತೆ ನೀರೂ ಮುಟ್ಟಲಿಲ್ಲ. ಮಧ್ಯಾಹ್ನ ಹೋಯಿತು, ಸಂಜೆ ಆಯಿತು. ಡಾಕ್ಟರು ಕೊಟ್ಟ ಗುಳಿಗೆ ಹಾಗೇ ಬಿದ್ದಿತ್ತು. ಗಂಡ ನನ್ನ ಮುಖ ನೋಡುತ್ತಿರಲಿಲ್ಲ. ನಾನು ಮಠಕ್ಕೆ ಓಡಿ, ನಮ್ಮ ಮನೆಯ ಕಾರ್ಯಗಳಿಗೆ ಬರುವ ಅಯ್ಯನವರನ್ನು ಕರೆತಂದೆ.

ಅವರು ಕೂತು ಎಲ್ಲಾ ಕೇಳಿದರು. "ಮೈಗೆ ಜಡ್ಡು ಬಂದಾಗ ಇನ್ನೊಬ್ಬರ ಅಂಗೈ ನಡೀತೈತ್ರಿ ತಾಯಿ. ಸೊಸಿ ಅದಾಳಲ್ಲ. ಆಕಿ ಕೈ ಅಂದ್ರ ನಿಮ್ಮ ಕೈನ," ಅಂದರು.

ಅಲ್ಮಾರಿಯಿಂದ ನನ್ನ ಲಿಂಗ ತೆಗೆದು ಕಟ್ಟಿಕೊಂಡೆ. ಮಿಂದು ಬಂದು ಅತ್ತೆಯ ಎದುರು ಕೂತು ಎಡಗೈ ಚಾಚಿದೆ. ಅವರು ಬಲಗೈಯಿಂದ ತಮ್ಮ ಲಿಂಗವನ್ನು ನನ್ನ ಅಂಗೈ ಮೇಲಿಟ್ಟರು. ನನ್ನ ಕೈ ಗಡಗಡ ನಡುಗತೊಡಗಿತು. ಪತ್ರಿ ಜಾರಿ ಬಿತ್ತು.

"ಟಕಟಕ ಕೀಲಿ ಒತ್ತೋ ಕೈ, ಇಲ್ಲ್ಯಾಕ ನಡಗತೈತಿ?" ಎಂದು ನಕ್ಕರು. ನಾನು ಬಲಗೈಯಿಂದ ಎಡಗೈಯ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಪೂಜೆ ಮುಗಿಸಿ ಅವರು ನೀರು ಕುಡಿದ ಸದ್ದು ಕೇಳಿ ನನಗೆ ಜೀವ ಬಂತು.

ಗಾಯ ಮಾಯುವ ತನಕ ಹೀಗೇ ನಡೆಯಿತು. ಡ್ರೈ ಐಸನ್ನು ನಾನು ಮತ್ತೆ ಮನೆಯೊಳಗೆ ತರಲಿಲ್ಲ. ಬಿಸಿಲೇರುವ ಮೊದಲೇ ಕ್ಲಾಸು ಮುಗಿಸಿಬಿಡುತ್ತಿದ್ದೆ. ಅತ್ತೆಯ ಪೂಜೆ ಅವರ ಸ್ವಂತ ಅಂಗೈಗೆ ಮರಳಿತು, ನಾನೂ ಅವರನ್ನು ಒತ್ತಾಯ ಮಾಡಿ ಪಡಸಾಲೆಯ ಮೂಲೆಗೇ ಕರೆತಂದು ಕೂರಿಸಿದೆ. ಎಲ್ಲಾ ಸರಿಹೋಯಿತೆಂದು ತಿಳಿದಿದ್ದೆ.

ಒಂದು ಬೆಳಿಗ್ಗೆ ಕಂಪ್ಯೂಟರು ಒರೆಸುತ್ತಿದ್ದಾಗ ಮೂಲೆಯಿಂದ ದನಿ ಬಂತು. "ಐತೇನವ್ವ?"

ನೋಡಿದರೆ ಅವರು ಕಣ್ಣು ಮುಚ್ಚಿ ಕೂತಿದ್ದರು. ಲಿಂಗ ಅಂಗೈ ಮೇಲೇ ಇತ್ತು. "ಏನ್ರಿ ಅತ್ತಿ?"

"ಕೈಯಾಗ ಐತೇನು ಅಂತ. ಕಣ್ಣು ಮುಚ್ಚಿದ್ರ ನನಗ ಗೊತ್ತಾಗವಲ್ದು."

ಅಂಗೈ ನಡುವಿನ ಸ್ಪರ್ಶ ಸತ್ತುಹೋಗಿತ್ತು. ಲಿಂಗದ ತಂಪು, ಅದರ ಭಾರ, ಯಾವುದೂ ಅವರಿಗೆ ತಿಳಿಯುತ್ತಿರಲಿಲ್ಲ. ಎಷ್ಟು ದಿನದಿಂದ ಹೀಗೆ ಅನುಮಾನದಲ್ಲಿ ಕೂತಿದ್ದರೋ! ನಾನು ಒರೆಸುವ ಬಟ್ಟೆ ಹಿಡಿದುಕೊಂಡೇ, "ಐತ್ರಿ ಅತ್ತಿ," ಅಂದೆ.

ಅಂದಿನಿಂದ ಅದು ನಮ್ಮ ರೂಢಿಯಾಯಿತು. ಹುಡುಗಿಯರು ಕೀಲಿ ಒತ್ತುವ ಸದ್ದಿನ ನಡುವೆ ಮೂಲೆಯಿಂದ "ಐತೇನವ್ವ?" ಎಂದು ಬರುತ್ತಿತ್ತು, ಪಾಠ ನಿಲ್ಲಿಸಿ ನಾನು "ಐತ್ರಿ" ಎನ್ನುತ್ತಿದ್ದೆ. ಹುಡುಗಿಯರು ಕಿಸಕ್ಕೆಂದರೆ ಬೆನ್ನಿಗೆ ಗುದ್ದುತ್ತಿದ್ದೆ. ಅತ್ತೆ ಒಮ್ಮೆಯೂ ಕೈಯ ಬಗ್ಗೆ ನನ್ನನ್ನು ದೂರಲಿಲ್ಲ. ಕೇಳುವ ದನಿಯಲ್ಲಿ ಬೇಸರವೂ ಇರಲಿಲ್ಲ. ಪ್ರತಿ ಸಲವೂ ನನಗೆ ಮಾತ್ರ ಆವತ್ತು ನಾನು ನಕ್ಕ ನಗು ಕಿವಿಗೆ ಬಡಿಯುತ್ತಿತ್ತು.

ಕೆಲವು ವರ್ಷಗಳ ನಂತರ ಅತ್ತೆ ಲಿಂಗೈಕ್ಯರಾದರು. ನಮ್ಮ ಪದ್ಧತಿಯಂತೆ ಕುಣಿಯೊಳಗೆ ಕೂರಿಸಿದರು. ಅಯ್ಯನವರು ಅವರ ಕೊರಳಿನ ಲಿಂಗ ಬಿಚ್ಚಿ ಎಡ ಅಂಗೈ ಮೇಲೆ, ಆ ಬಿಳಿ ಕಲೆಯ ಮೇಲೆ ಇಟ್ಟು, ಬೆರಳು ಮಡಿಚಿದರು. ಸುತ್ತ ನಿಂತವರು ವಿಭೂತಿ, ಪತ್ರಿ ಹಾಕತೊಡಗಿದರು. ನನ್ನ ಸರದಿ ಬಂದಾಗ ಕೈಯಲ್ಲಿನ ಪತ್ರಿ ಹಾಗೇ ಉಳಿಯಿತು. ಅಲ್ಲೇ ಕುಣಿಯಂಚಿನಲ್ಲಿ ಬಗ್ಗಿದೆ.

"ಐತ್ರಿ ಅತ್ತಿ," ಅಂದೆ.