ಕಾಕಾ ಅವರ ಅಂದಾಜು

ಅದು ೧೯೨೧ನೆಯ ಇಸವಿ. ನನಗೆ ಇಪ್ಪತ್ತು ವರ್ಷ ತುಂಬಿತ್ತು. ಹಿಂದಿನ ವರ್ಷ ಬೀದರಿನ ಪ್ರಾಥಮಿಕ ಶಾಲೆಯೊಂದರಲ್ಲಿ ಕನ್ನಡ ಕಲಿಸುವ ಕೆಲಸಕ್ಕೆ ಸೇರಿದ್ದೆ. ಊರ ನಡುವಿನ ಚೌಬಾರಾ ಗೋಪುರದ ಹಿಂದಿನ ಓಣಿಯಲ್ಲಿ ಒಂದು ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದೆ. ನೆರೆಮನೆಯ ಯಜಮಾನರನ್ನು ಓಣಿಯೆಲ್ಲ ‘ಕಾಕಾ’ ಎನ್ನುತ್ತಿತ್ತು. ನಾನೂ ಹಾಗೆಯೇ ಕರೆದೆ. ಅವರ ಬಲಗೈಯ ಹೆಬ್ಬೆರಳು ಗಂಟಿನಲ್ಲಿ ಮುರಿದು, ಸೊಟ್ಟಗೆ ಕೂಡಿಕೊಂಡು, ಅಂಗೈಯ ಕಡೆಗೆ ಬಾಗಿ ನಿಂತಿತ್ತು. ತಮ್ಮ ಅರಿವೆ ಅಂಗಡಿಯಲ್ಲಿ ಬಟ್ಟೆ ಹರಿಯುವಾಗ ಅಂಚನ್ನು ಹೆಬ್ಬೆರಳಿನಿಂದ ಹಿಡಿಯಲಾರದೆ, ತೋರುಬೆರಳು ನಡುಬೆರಳುಗಳ ಸಂದಿನಲ್ಲಿ ಸಿಕ್ಕಿಸಿ ಸರ್ರನೆ ಎಳೆಯುತ್ತಿದ್ದರು. ಹೊಸ ಗಿರಾಕಿಗಳ ಕಣ್ಣು ಆ ಬೆರಳಿನ ಮೇಲೆಯೇ ಇರುತ್ತಿತ್ತು. ಯಾರೂ ಕೇಳದಿದ್ದರೂ ಕಾಕಾ ಹೇಳಿಬಿಡುತ್ತಿದ್ದರು: “ಹಾಕಿ ಚೆಂಡು ರಿ.”

ಅವರು ಹದಿನೆಂಟನೆಯ ವಯಸ್ಸಿನಲ್ಲಿ ಹೈದರಾಬಾದಿನ ಕಾಲೇಜೊಂದರಲ್ಲಿ ಒಂದು ವರ್ಷ ಓದಿದ್ದರು. ಹಾಕಿ ತಂಡದ ಹನ್ನೊಂದು ಜನರಲ್ಲಿ ಆಯ್ಕೆಯಾಗಿದ್ದರು. ಮೊದಲ ಪಂದ್ಯದ ಹಿಂದಿನ ಸಂಜೆ, ಅಭ್ಯಾಸದಲ್ಲಿ, ಚೆಂಡು ಬಂದು ಬೆರಳಿಗೆ ಬಡಿಯಿತು. ಬೆರಳು ವಾಸಿಯಾಗುವುದರೊಳಗೆ ಅವರ ತಂದೆ ತೀರಿಕೊಂಡರು. ಅಂಗಡಿ ಅವರನ್ನು ಬೀದರಿಗೆ ಕರೆಯಿತು. ಒಂದು ಪಂದ್ಯವನ್ನೂ ಆಡದ ಆ ತಂಡವನ್ನು ಅವರು ಇಪ್ಪತ್ತು ವರ್ಷಗಳಾದ ಮೇಲೂ ‘ನಮ್ಮ ಟೀಮು’ ಎನ್ನುತ್ತಿದ್ದರು. ಕಾಲೇಜಿನ ಹೆಸರು ಅವರ ಬಾಯಿಂದ ಬಂದುದನ್ನು ನಾನು ಕೇಳಿಲ್ಲ.

ಸಂಜೆ ಅಂಗಡಿಯ ಬಾಗಿಲು ಹಾಕಿದ ಮೇಲೆ ಅವರ ಮನೆಯ ಕಟ್ಟೆಯ ಮೇಲೆ ಬೈಠಕ್ಕು ಕೂಡುತ್ತಿತ್ತು. ಹಣೆಯ ತುಂಬ ವಿಭೂತಿ ಧರಿಸಿ ಕಾಕಾ ಕಂಬಕ್ಕೆ ಒರಗುವರು, ಎದುರುಮನೆಯ ವಕೀಲರು ಬರುವರು, ನಾನು ಇರುವೆನು. ಚರ್ಚೆಯ ವಿಷಯಗಳು ಎರಡೇ: ನಮ್ಮ ಟೀಮು ಈ ಸಲ ಗೆಲ್ಲುವುದೋ ಇಲ್ಲವೋ, ಇಂಗ್ಲಿಷರು ದೇಶವನ್ನು ಬಿಟ್ಟು ಹೋಗುವುದು ಯಾವಾಗ. ಎರಡಕ್ಕೂ ಕಾಕಾ ಅವರಲ್ಲಿ ಸಿದ್ಧ ಉತ್ತರವಿರುತ್ತಿತ್ತು. ‘ಗೆದ್ದಾರು’, ‘ಹೋದಾರು’ ಎಂಬ ಸಂಭಾವನಾರ್ಥಕ ರೂಪಗಳು ಅವರ ಮಾತಿನಲ್ಲಿ ಇರಲೇ ಇಲ್ಲ; ಗೆಲ್ಲುತ್ತಾರೆ, ಹೋಗುತ್ತಾರೆ, ಅಷ್ಟೆ.

ರೈಲು ಆಗ ಬೀದರಿಗೆ ಬಂದಿರಲಿಲ್ಲ. ಹೈದರಾಬಾದಿನ ಉರ್ದು ಪತ್ರಿಕೆ ಟಪಾಲಿನಲ್ಲಿ ಹಲವು ದಿನ ತಡವಾಗಿ ಬರುತ್ತಿತ್ತು. ಪಂದ್ಯ ಮುಗಿದು, ಗೆದ್ದವರು ಮಿಠಾಯಿ ಹಂಚಿ, ಸೋತವರು ಮರೆತೂ ಆದ ಮೇಲೆ ನಮ್ಮ ಕಟ್ಟೆಯ ಮೇಲೆ ಅದರ ಭವಿಷ್ಯವನ್ನು ನುಡಿಯಲಾಗುತ್ತಿತ್ತು. ಪತ್ರಿಕೆ ಬಂದಾಗ ಕಾಕಾ ಅವರ ಅಂದಾಜು ಸಾಮಾನ್ಯವಾಗಿ ತಪ್ಪಾಗಿರುತ್ತಿತ್ತು. ಅದರಿಂದ ಅವರಿಗೆ ಎಳ್ಳಷ್ಟೂ ನಾಚಿಕೆಯಾಗುತ್ತಿರಲಿಲ್ಲ.

ವಕೀಲರು ಕೆಣಕುವರು: “ಕಾಕಾ, ನೀವು ಗೆಲ್ತಾರ ಅಂದ್ರಿ ಅಂದಮ್ಯಾಲ ಆ ಹುಡುಗರಿಗೆ ಒಂದು ತಾರು ಕಳಸಬೇಕು ನೋಡ್ರಿ, ಹುಷಾರಾಗಿರ್ರಿ ಅಂತ.”

“ವಕೀಲ ಸಾಹೇಬ, ನೀವು ಕೇಸ ಸೋತ್ರೂ ಫೀಸ ತಗೋತೀರಿ. ನಾ ಪುಕ್ಕಟೆ ಸೋಲ್ತೇನಿ.”

ಆ ವರ್ಷ ಖಿಲಾಫತ್ತು, ಅಸಹಕಾರ ಎಂಬ ಮಾತುಗಳು ನಮ್ಮ ಸಂಸ್ಥಾನದ ಗಡಿಯನ್ನೂ ದಾಟಿ ಬಂದಿದ್ದವು. ಸರಕಾರದ ಕಾಲೇಜುಗಳನ್ನು ಬಿಟ್ಟು ಹೊರಗೆ ಬನ್ನಿರೆಂದು ದೇಶದ ಹಿರಿಯರು ವಿದ್ಯಾರ್ಥಿಗಳಿಗೆ ಕರೆ ಕೊಟ್ಟಿದ್ದರು. ನಮ್ಮವು ನಿಜಾಮರ ಕಾಲೇಜುಗಳು, ಇಂಗ್ಲಿಷರವಲ್ಲ, ಆದ್ದರಿಂದ ಕರೆ ನಮಗೆ ಅನ್ವಯಿಸುವುದಿಲ್ಲ ಎಂದು ವಕೀಲರು ವಾದ ಹೂಡಿದರು. ಕಾಕಾ ಒಪ್ಪಲಿಲ್ಲ. “ಅಂಪೈರ ಅವರವ ಇದ್ದಮ್ಯಾಲ ಮೈದಾನ ಯಾರದಾದ್ರ ಏನ್ರಿ? ಹುಡುಗರು ಬಿಡಬೇಕು. ಬಿಟ್ಟ ವರ್ಷಕ್ಕ ಸ್ವರಾಜ್ಯ.” ಹಾಗಾದರೆ ನಿಮ್ಮ ಅಂಗಡಿಯಲ್ಲಿರುವ ವಿಲಾಯಿತಿ ಮಲಮಲ್ ಗತಿಯೇನು ಎಂದು ವಕೀಲರು ಕೇಳಿದರು. ಇದ್ದ ಮಾಲು ಖರ್ಚಾದ ಮರುದಿನದಿಂದ ಒಂದು ತಾನು ಬಟ್ಟೆಯನ್ನೂ ತರಿಸುವುದಿಲ್ಲವೆಂದು ಕಾಕಾ ಗಂಭೀರವಾಗಿ ಉತ್ತರಿಸಿದರು. ಮಾತಿಗೆ ತಪ್ಪುವವರಲ್ಲ, ಆದರೆ ಅವರ ಪ್ರತಿಯೊಂದು ನಿಶ್ಚಯದ ಮುಂದೆಯೂ ಮುಗಿಸಬೇಕಾದ ಒಂದು ಕೆಲಸ ಉಳಿದಿರುತ್ತಿತ್ತು.

ಅವರ ಒಬ್ಬನೇ ಮಗ ತಂದೆ ಓದಿದ್ದ ಅದೇ ಕಾಲೇಜಿನಲ್ಲಿದ್ದ. ಅದೇ ತಂಡದಲ್ಲಿ, ಗೋಲು ಹೊಡೆಯುವ ಮುಂದಿನ ಸಾಲಿನ ಎಡಗಡೆಗೆ, ಲೆಫ್ಟ್-ಇನ್ ಆಗಿ ಆಡುತ್ತಿದ್ದ. ರಜೆಗೆ ಬಂದಾಗ ನಾನು ಅವನನ್ನು ಕಂಡಿದ್ದೆ. ನೀಳ ಕಾಲಿನ, ಕಡಮೆ ಮಾತಿನ ಹುಡುಗ. ತಂದೆ ಕೋಟೆಯ ಬಯಲಿಗೆ ಕರೆದೊಯ್ದು ಚೆಂಡು ಹೊಡೆಯಿಸಿ, ಹೊಡೆತ ಹೇಗಿರಬೇಕೆಂದು ಉಪನ್ಯಾಸ ಮಾಡುವಾಗ ಅವನು ತಲೆ ತಗ್ಗಿಸಿ ನಗುತ್ತ ನಿಂತಿರುತ್ತಿದ್ದ.

ಫೆಬ್ರುವರಿಯಲ್ಲಿ ಅವನ ಪತ್ರ ಬಂದಿತು. ಕಾಲೇಜು ಬಿಡಲು ಮನಸ್ಸು ಮಾಡಿರುವುದಾಗಿಯೂ, ತಂಡವು ಫೈನಲ್ ತಲುಪಿರುವುದಾಗಿಯೂ, ಈಗಲೇ ಹೊರಡಬೇಕೋ ಆಡಿ ಹೊರಡಬೇಕೋ ತಂದೆಯವರು ತಿಳಿಸಬೇಕೆಂದೂ ಬರೆದಿದ್ದ. ಕೊನೆಯ ಸಾಲಿನಲ್ಲಿ, ಹೈದರಾಬಾದಿನಲ್ಲಿ ಪ್ಲೇಗು ಕಾಣಿಸಿಕೊಂಡಿದೆ, ನಮ್ಮ ಕಾಲೇಜಿನ ಕಡೆಗೆ ಇನ್ನೂ ಇಲ್ಲ ಎಂದಿತ್ತು.

ಕಾಕಾ ಅದನ್ನು ಕಟ್ಟೆಯ ಮೇಲೆ ಎಲ್ಲರಿಗೂ ಓದಿ ಹೇಳಿದರು. ಹೊಸ್ತಿಲಿನ ಒಳಗೆ ನಿಂತಿದ್ದ ಕಾಕು, ಅಂದರೆ ಅವರ ಪತ್ನಿ, ಸೆರಗನ್ನು ಮುಂದಕ್ಕೆ ಎಳೆದುಕೊಂಡು ಹೇಳಿದರು:

“ಕಾಲೇಜ ಬಿಡ್ತಾನೋ ಹಿಡೀತಾನೋ ಆಮ್ಯಾಲ ನೋಡ್ರಿ. ಮೊದಲ ಮನಿಗಿ ಬಾ ಅಂತ ಬರೀರಿ.”

“ಫೈನಲ್ ಆಡಿ ಬರ್ಲಿ ತಗೋ. ನಾಕು ದಿನ ತಡಾ ಆದ್ರ ಸ್ವರಾಜ್ಯ ಎಲ್ಲಿಗೂ ಓಡಿ ಹೋಗಂಗಿಲ್ಲ.”

ವಕೀಲರು ನಕ್ಕರು. ನಾನೂ ನಕ್ಕೆ. ಆಡಿ ಬಾ ಎಂಬ ಉತ್ತರ ಮರುದಿನದ ಟಪಾಲಿಗೆ ಹೋಯಿತು.

ಸುದ್ದಿಯನ್ನು ತಂದವನು ಹೈದರಾಬಾದಿನ ಬೇರೊಂದು ಕಾಲೇಜಿನ ವಿದ್ಯಾರ್ಥಿ, ಭಾಲ್ಕಿಯವನು, ಪ್ಲೇಗಿಗೆ ಹೆದರಿ ಊರಿಗೆ ಮರಳುತ್ತಿದ್ದವನು. ಅವನು ಟಾಂಗಾದಿಂದ ಇಳಿದಾಗ ಕಾಕಾ ಫೈನಲ್ ಪಂದ್ಯದಲ್ಲಿ ಎದುರಾಳಿಗಳ ಬಲಗಡೆಯ ಬ್ಯಾಕು ಹೇಗೆ ನಿಧಾನ, ನಮ್ಮ ಹುಡುಗ ಅವನನ್ನು ಹೇಗೆ ದಾಟುತ್ತಾನೆ ಎಂಬುದನ್ನು ನನಗೆ ವಿವರಿಸುತ್ತಿದ್ದರು. ಕಾಕಾ ಅವರ ಮಗ ಫೈನಲ್ ಆದ ಮರುದಿನವೇ ತೀರಿಕೊಂಡಿದ್ದನು. ಪ್ಲೇಗಿನ ಕಾಯಿದೆಯಂತೆ ಊರ ಹೊರಗೆ ಮಣ್ಣು ಮಾಡಿದ್ದರು. ಸುದ್ದಿ ತಂದವನಿಗೆ ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ.

ಅದೇ ವಾರ ಪತ್ರಿಕೆಯೂ ಬಂದಿತು. ನಮ್ಮ ಟೀಮು ಒಂದು ಗೋಲಿನಿಂದ ಗೆದ್ದಿತೆಂದು ಅದರಲ್ಲಿ ಒಂದೇ ಸಾಲು ಇತ್ತು. ಆಡಿದವರ ಹೆಸರುಗಳಿರಲಿಲ್ಲ.

ಕಾಕಾ ಆ ಸಾಲನ್ನು ಎರಡು ಸಲ ಓದಿದರು. ಅನಂತರ, ಬೇರೆ ಯಾವುದೋ ಪಂದ್ಯದ ವಿಷಯವನ್ನು ಹೇಳುವವರ ದನಿಯಲ್ಲಿ ಹೇಳಿದರು: “ಆ ಲೈನಿನಾಗ ಗೋಲ ಹೊಡಿಯೋ ಕೋಲ ಒಂದೇ ಇತ್ತು. ಅವ ಇಲ್ಲದ ನಮ್ಮ ಟೀಮ ಗೆಲ್ಲಂಗಿಲ್ಲ. ಗೆದ್ದದ ಅಂದ್ರ ಅವ ಆಡ್ಯಾನ. ಜ್ವರದಾಗ ಎದ್ದು ಆಡ್ಯಾನ. ನಾ ಆಡು ಅಂದಿದ್ದೆನಲ್ಲ.”

ವಕೀಲರು ತಮ್ಮ ವಿದ್ಯೆಯನ್ನೆಲ್ಲ ಖರ್ಚು ಮಾಡಿ ಆ ತರ್ಕವನ್ನು ಮುರಿಯಲು ನೋಡಿದರು. ಸಾಕ್ಷ್ಯವಿಲ್ಲ, ಇದು ಬರಿಯ ಊಹೆ ಎಂದರು. ಕಾಕಾ ಕೇಳಲಿಲ್ಲ. ಬದುಕಿನಲ್ಲಿ ನೂರು ಅಂದಾಜುಗಳು ಹುಸಿಯಾದರೂ ಬೇಸರಿಸದ ಮನುಷ್ಯ ಈ ಒಂದನ್ನು ಮಾತ್ರ ಸಂದೇಹಿಸಲಿಲ್ಲ. ಒಳಗಿನಿಂದ ಕಾಕು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಅವರು ಬೈಯಲಿಲ್ಲ, ಅಳುತ್ತ ದೂರಲಿಲ್ಲ. ಅಂದಿನಿಂದ ಗಂಡನೊಡನೆ ಮಾತು ಬಿಟ್ಟರು. ಹೊತ್ತಿಗೆ ಸರಿಯಾಗಿ ರೊಟ್ಟಿ ಬಡಿದು ತಾಟು ಇಡುವರು. ಹೇಳಬೇಕಾದುದು ಏನಾದರೂ ಇದ್ದರೆ ನನ್ನನ್ನು ಕರೆದು, ಅವರಿಗೆ ಕೇಳಿಸುವ ಹಾಗೆ, ನನಗೆ ಹೇಳುವರು.

ಕಟ್ಟೆಯ ಬೈಠಕ್ಕು ನಿಂತುಹೋಯಿತು. ಕಾಕಾ ಪತ್ರಿಕೆ ತರಿಸುವುದನ್ನು ಬಿಟ್ಟರು. ಮಲಮಲ್ ಮುಗಿದ ಮೇಲೆ ಅವರು ನಿಜವಾಗಿಯೂ ವಿಲಾಯಿತಿ ಮಾಲನ್ನು ತರಿಸಲಿಲ್ಲ. ಆದರೆ ಅದನ್ನು ಯಾರಿಗೂ ಹೇಳಿಕೊಳ್ಳಲಿಲ್ಲ. ಸ್ವರಾಜ್ಯದ ಮಾತು ಎತ್ತಿದರೆ ಎದ್ದು ಒಳಗೆ ಹೋಗುವರು. ಹೈದರಾಬಾದಿಗೆ ಹೋಗುವವರು ಎಷ್ಟೋ ಜನ ಇದ್ದರು; ಮಗ ಆಡಿದನೋ ಇಲ್ಲವೋ ಎಂಬುದನ್ನು ಒಬ್ಬರ ಕೈಯಲ್ಲಾದರೂ ಕೇಳಿಸಬಾರದೇ ಎಂದು ಒಮ್ಮೆ ಧೈರ್ಯ ಮಾಡಿ ಕೇಳಿದೆ. “ಗೊತ್ತಿದ್ದದ್ದು ಏನ ಕೇಳೋದು, ಮಾಸ್ತರ?” ಎಂದರು. ಕೇಳಲು ಅವರಿಗೆ ಹೆದರಿಕೆಯಿತ್ತು. ಅದು ನನಗೂ ಗೊತ್ತಿತ್ತು. ಹೀಗೆ ಏಳು ವರ್ಷ ಕಳೆಯುತ್ತ ಬಂದವು.

೧೯೨೮ರ ಆರಂಭದಲ್ಲಿ ವಕೀಲರು ಒಂದು ಸುದ್ದಿಯನ್ನು ತಂದರು. ಅಂದಿನ ತಂಡದ ಕ್ಯಾಪ್ಟನ್ ಈಗ ಅಬಕಾರಿ ಇನ್ಸ್‌ಪೆಕ್ಟರ್. ಸೇಂದಿಯ ಹರಾಜಿಗಾಗಿ ಭಾಲ್ಕಿಯಲ್ಲಿ ಮುಕ್ಕಾಮು ಮಾಡಿದ್ದಾನೆ. ಕಾಕಾ ಬಟ್ಟೆಯ ತಾನನ್ನು ಸುತ್ತುತ್ತಲೇ ಇದ್ದರು. ಅಂದು ಸಂಜೆ ಕಾಕು ನನ್ನನ್ನು ಬಾಗಿಲಿಗೆ ಕರೆದರು.

“ಮಾಸ್ತರ, ಅವರನ್ನ ಕರಕೊಂಡು ಹೋಗ್ರಿ. ಖರೇ ಏನದ ಕೇಳಿಕೊಂಡು ಬರ್ರಿ. ನಾ ಸಾಯೋದ್ರಾಗ ನನಗ ಗೊತ್ತಾಗ್ಬೇಕು.”

ಕಾಕಾ ಅಂಗಳದಲ್ಲಿಯೇ ನಿಂತಿದ್ದರು. ಮರುದಿನ ಬೆಳಿಗ್ಗೆ ಅವರೇ ಬಂಡಿ ಹೂಡಿಸಿದರು.

ಭಾಲ್ಕಿಗೆ ಹೋದರೆ ಇನ್ಸ್‌ಪೆಕ್ಟರು ಔರಾದಿಗೆ ಹೋಗಿದ್ದಾರೆಂದು ತಿಳಿಯಿತು. ಅಲ್ಲಿಂದ ತಿರುಗಿಬಿಡೋಣವೆಂದು ಕಾಕಾ ಹೇಳಿದರು, ನಾನು ಒಪ್ಪಲಿಲ್ಲ. ಮಾಂಜ್ರಾ ನದಿಯ ತೆಳು ನೀರಿನಲ್ಲಿ ಬಂಡಿಯನ್ನು ದಾಟಿಸಿ, ಠಾಣಾ ಕುಶನೂರಿನಲ್ಲಿ ತಂಗಿ, ತೊಗರಿ ಕೊಯ್ದ ಹೊಲಗಳ ನಡುವೆ ಹಾದು ಔರಾದನ್ನು ಮುಟ್ಟಿದೆವು. ದಾರಿಯುದ್ದಕ್ಕೂ ಅವರು ಆಡಿದ ಮಾತುಗಳು ಎತ್ತುಗಳ ವಿಷಯವಷ್ಟೆ.

ಇನ್ಸ್‌ಪೆಕ್ಟರು ಚಾವಡಿಯ ಮುಂದೆ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು. ಗುಲ್ಬರ್ಗಾ ಕಡೆಯ ಮುಸಲ್ಮಾನರು, ಮೂವತ್ತರೊಳಗಿನವರು, ಆಗಲೇ ಮೈ ತುಂಬಿದ್ದರು. ಕಾಕಾ ಮಗನ ಹೆಸರನ್ನು ಹೇಳಿದೊಡನೆ ಎದ್ದು ನಿಂತರು. ತಮ್ಮ ಕುರ್ಚಿಯಲ್ಲಿ ಅವರನ್ನು ಕೂಡಿಸಿದರು. ಚಹಾ ತರಹೇಳಿದರು. ಚಹಾ ಬರುವವರೆಗೂ ಕಾಕಾ ಕಾಯಲಿಲ್ಲ.

“ಅವ ಫೈನಲ್ ಆಡಿದ್ನೋ ಇಲ್ಲೋ?”

“ಇಲ್ಲ ಚಾಚಾ. ಆಡಲಿಲ್ಲ.”

“ಸುಳ್ಳ ಹೇಳಬ್ಯಾಡ. ಆ ಲೈನ ನನಗ ಗೊತ್ತದ. ಅವ ಇಲ್ಲದ ಗೋಲ ಆಗಂಗಿಲ್ಲ.”

ಇನ್ಸ್‌ಪೆಕ್ಟರು ಕಟ್ಟೆಯ ಅಂಚಿನ ಮೇಲೆ ಕುಳಿತು ನಡೆದುದನ್ನು ನಡೆದ ಕ್ರಮದಲ್ಲಿಯೇ ಹೇಳಿದರು. ಫೈನಲಿನ ಹಿಂದಿನ ದಿನ ಬೆಳಿಗ್ಗೆ ಹುಡುಗನಿಗೆ ಜ್ವರ ಬಂದಿತು. ಮಧ್ಯಾಹ್ನದ ಹೊತ್ತಿಗೆ ಅವನನ್ನು ಊರ ಹೊರಗಿನ ಪ್ಲೇಗಿನ ಆಸ್ಪತ್ರೆಗೆ ಸಾಗಿಸಿದರು. ಅಲ್ಲಿಂದ ಅವನು ಏಳಲಿಲ್ಲ. ಬದಲಿಗೆ ಇನ್ನೊಬ್ಬನನ್ನು ಇಳಿಸಲು ಯಾರಿಗೂ ಮನಸ್ಸು ಬರಲಿಲ್ಲ. ಲೆಫ್ಟ್-ಇನ್ ಜಾಗವನ್ನು ಖಾಲಿ ಬಿಟ್ಟು ಹತ್ತು ಜನ ಆಡಿದರು. “ಗೋಲ ಅಂತೀರಲ್ಲ, ಚಾಚಾ, ಅದು ನಮ್ಮ ಕಮಾಲ ಅಲ್ಲ. ನಾ ಹೊಡೆದ ಚೆಂಡು ಹೊರಗ ಹೊಂಟಿತ್ತು. ಅವರ ಬ್ಯಾಕಿನ ಕೋಲಿಗಿ ತಾಗಿ ಒಳಗ ಹೋಯ್ತು.”

ಕಾಕಾ ತಲೆಯೆತ್ತಿದರು. ಏಳು ವರ್ಷಗಳಿಂದ ನಾನು ಕಾಣದಿದ್ದ ಬೆಳಕು ಒಂದು ಕ್ಷಣ ಅವರ ಕಣ್ಣಿನಲ್ಲಿ ಆಡಿತು. “ಹತ್ತು ಮಂದಿ ಆಡಿ ಗೆದ್ರಿ?” ಎಂದರು. ಎಂದವರೇ ತಾವು ಏನು ಕೇಳಿದೆವೆಂದು ಅರಿತು, ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು. ಹುಡುಗ ಸತ್ತ ವಾರವೂ ಅವರು ಹಾಗೆ ಅತ್ತಿರಲಿಲ್ಲ.

ಅಳು ತಗ್ಗಿದ ಮೇಲೆ ತಮ್ಮ ಪತ್ರದ ವಿಷಯ ಕೇಳಿದರು. ಪತ್ರ ಬಂದಿತ್ತು, ಮಗ ಅದನ್ನು ಎಲ್ಲರಿಗೂ ಓದಿ ಹೇಳಿ ನಕ್ಕಿದ್ದನು. “ಆದ್ರ ಆಡೇ ಹೋಗೋದು ಅಂತ ಅದರಕಿಂತ ಮೊದಲ ಮಾತಾಗಿತ್ತು. ನಾವು ನಾಕು ಮಂದಿ ಗಂಟು ಕಟ್ಟಿ ಹೊಂಟು ನಿಂತಿದ್ವಿ. ನಿಂದ್ರಿಸಿದವ ಅವನೇ. ಆಮ್ಯಾಲ ನೋಡ್ರಿ, ಅವ ಹೋದ. ನಮ್ಮಾಗ ಒಬ್ಬರೂ ಕಾಲೇಜ ಬಿಡಲಿಲ್ಲ.” ಇಷ್ಟು ಹೇಳಿ ಇನ್ಸ್‌ಪೆಕ್ಟರು ತಮ್ಮ ಸೊಂಟದ ಸರಕಾರಿ ಪಟ್ಟಿಯನ್ನು ಸರಿಪಡಿಸಿಕೊಂಡರು.

ದುಃಖದಲ್ಲಿರುವ ತಂದೆಗಾಗಿ ಅವರು ಕಟ್ಟಿ ಹೇಳಿದ ಕಥೆಯಿರಬಹುದೇ ಇದು ಎಂದು ನಾನು ಅನೇಕ ಸಲ ಯೋಚಿಸಿದ್ದೇನೆ. ಅಲ್ಲವೆಂದೇ ಪ್ರತಿ ಸಲವೂ ತೀರ್ಮಾನಿಸಿದ್ದೇನೆ. ಸಮಾಧಾನಕ್ಕಾಗಿ ಸುಳ್ಳು ಹೇಳುವವನು ತನ್ನ ಗೋಲನ್ನು ಎದುರಾಳಿಯ ಕೋಲಿಗೆ ಬಿಟ್ಟುಕೊಡುವುದಿಲ್ಲ; ಕಾಲೇಜು ಬಿಡದ ತನ್ನ ಸಂಗತಿಯನ್ನು ಅದಕ್ಕೆ ಸೇರಿಸುವುದೂ ಇಲ್ಲ.

ಮರಳುವ ದಾರಿಯಲ್ಲಿ ಕಾಕಾ ಒಮ್ಮೆ ಮಾತ್ರ ಬಾಯಿ ತೆರೆದರು. “ನಾ ಮನಿಗಿ ಬಾ ಅಂತ ಬರೆದಿದ್ರ ಅವ ಬರ್ತಿದ್ದನೋ ಏನೋ, ಮಾಸ್ತರ.” ಆ ಭಾರ ಅವರ ಮೇಲೆ ಕೊನೆಯವರೆಗೂ ಉಳಿಯಿತು. ಜ್ವರದ ಹಾಸಿಗೆಯಿಂದ ಮಗನನ್ನು ಎಬ್ಬಿಸಿ ಆಡಿಸಿದೆನೆಂಬ ಭಾರ ಮಾತ್ರ ಔರಾದಿನಲ್ಲಿ ಇಳಿಯಿತು. ಆಮೇಲೆ ಮೂರು ವರ್ಷ ಅವರು ಬದುಕಿದ್ದರು. ತೀರಿಕೊಂಡಾಗ ಕ್ರಿಯಾಸಮಾಧಿಯ ಗುಂಡಿಗೆ ಇಳಿದು ಅವರನ್ನು ಕೂರಿಸಿದವರಲ್ಲಿ ನಾನೊಬ್ಬ. ಮಗ ಮಾಡಬೇಕಾದ ಕೆಲಸವನ್ನು ನನಗೆ ಬಿಟ್ಟುಕೊಟ್ಟ ಆ ಮನೆಯ ಋಣ ನನ್ನ ಮೇಲಿದೆ.

ಆದರೆ ಅವರನ್ನು ನೆನೆದಾಗಲೆಲ್ಲ ನನಗೆ ಮೊದಲು ಕಾಣುವುದು ಔರಾದಿನಿಂದ ಮರಳಿದ ಮಧ್ಯಾಹ್ನ. ಕಾಕು ಪಡಸಾಲೆಯಲ್ಲಿ ಕುಳಿತು ಮೊರದಲ್ಲಿ ಬೇಳೆ ಹಸನು ಮಾಡುತ್ತಿದ್ದರು. ಕಾಕಾ ಮೆಟ್ಟು ಕಳಚದೆ ಬಾಗಿಲಲ್ಲಿಯೇ ನಿಂತರು.

“ಅವ ಆಡಲಿಲ್ಲಂತ. ನನ್ನ ಅಂದಾಜ ತಪ್ಪಿತು.”

ಮೊರದ ಮೇಲಿನ ಕೈ ನಿಂತಿತು. ಕಾಕು ನನ್ನ ಕಡೆಗೆ ನೋಡಲಿಲ್ಲ; ಗಂಡನ ಮುಖವನ್ನೇ ನೋಡಿದರು.

“ಮಲಗಿದಲ್ಲೇ ಹೋದನೇನ್ರಿ?”

“ಹೂಂ. ಮಲಗಿದಲ್ಲೇ.”

ಕಾಕು ಸೆರಗಿನಿಂದ ಕಣ್ಣೊರಸಿಕೊಂಡು ಎದ್ದರು. “ಬಿಸಲಾಗ ಬಂದೀರಿ. ಒಳಗ ಬರ್ರಿ,” ಎಂದರು. ಅಂದು ೧೯೨೮ನೆಯ ಇಸವಿ ಫೆಬ್ರುವರಿ ತಿಂಗಳ ಹತ್ತನೆಯ ತಾರೀಖು, ಶುಕ್ರವಾರ.